ಸಹಾಯ ಬೇಕು: ವೆಬ್‌ಸೈಟಿನ ಹಳೆಯ ಪೋಸ್ಟ್‌ಗಳ ಕನ್ನಡ ಓದಲಾಗುತ್ತಿಲ್ಲ (ಉಡುಪಿ)

ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದ ಹತ್ತಿರ ನಮ್ಮದೊಂದು ಹವ್ಯಾಸಿ ಯಕ್ಷಗಾನ ಸಂಘ. ಅದರ ವರ್ಡ್‌ಪ್ರೆಸ್ ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಹೋಸ್ಟಿಂಗ್‌ನವರು ಸೈಟನ್ನು ಹೊಸ ಸರ್ವರಿಗೆ ಸಾಗಿಸಿದ ಮೇಲೆ ಹಳೆಯ ಪೋಸ್ಟ್‌ಗಳ ಕನ್ನಡವೆಲ್ಲ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತಿದೆ. ಕೆಲವು ವಿಜೆಟ್‌ಗಳೂ (ಪುಟದ ಬದಿಯಲ್ಲೋ ಕೆಳಗೋ ಬರುವ ಸಣ್ಣ ಭಾಗಗಳು) ಕಾಣೆಯಾಗಿವೆ. ಆಮೇಲೆ ಬರೆದ ಪೋಸ್ಟ್‌ಗಳು ಮಾತ್ರ ಸರಿ ಇವೆ.

ಬರೀ ಪ್ರಶ್ನೆ ಚಿಹ್ನೆಗಳು ಬಂದಿದ್ದರೆ ಅಕ್ಷರ ಹೋದಂತೆಯೇ. ಇಲ್ಲಿ ಹಾಗಾಗಿಲ್ಲ, ಅದೊಂದು ಸಮಾಧಾನ. ಯುಟಿಎಫ್-8ರಲ್ಲಿ (ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟ್‌ಗಳಾಗಿ ಉಳಿಸುವ ಪದ್ಧತಿ) ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಇಂಪೋರ್ಟ್ ಮಾಡುವಾಗ ಅದನ್ನು ಲ್ಯಾಟಿನ್-1 (ಒಂದು ಬೈಟಿಗೆ ಒಂದು ಅಕ್ಷರ ಎಂಬ ಹಳೆಯ ಪದ್ಧತಿ) ಎಂದು ಓದಿ, ಮತ್ತೆ ಯುಟಿಎಫ್-8 ಮಾಡಿದಂತಿದೆ.

ಡೇಟಾಬೇಸ್‌ನಲ್ಲಿ ಪೋಸ್ಟ್‌ಗಳ ಪಠ್ಯವಿರುವ ಕಾಲಮನ್ನು ಲ್ಯಾಟಿನ್-1ಕ್ಕೆ, ಅಲ್ಲಿಂದ ಬೈನರಿಗೆ, ಕೊನೆಗೆ ಯುಟಿಎಫ್8ಎಂಬಿ4ಕ್ಕೆ (ಡೇಟಾಬೇಸ್‌ನಲ್ಲಿ ಯುಟಿಎಫ್-8ರ ಪೂರ್ಣ ರೂಪ) ಬದಲಿಸುವ ದಾರಿ ಗೊತ್ತು. ಆದರೆ ಹೊಸ ಪೋಸ್ಟ್‌ಗಳೂ ಅದೇ ಟೇಬಲ್‌ನಲ್ಲಿವೆ. ಇಡೀ ಕಾಲಮ್ ಬದಲಿಸಿದರೆ ಸರಿ ಇರುವ ಕನ್ನಡವೇ ಹಾಳಾಗುತ್ತದೆ, ಅಲ್ವಾ? ಹಾಗಾಗಿ ಐಡಿ ನೋಡಿ ಹಳೆಯ ಸಾಲುಗಳಿಗೆ ಮಾತ್ರ ಅಪ್‌ಡೇಟ್ ಕ್ವೆರಿ ಓಡಿಸಬೇಕು ಅಂತ ಅನಿಸುತ್ತಿದೆ. ಈ ಕೆಲಸ ಮಾಡಿದವರು ಇದ್ದೀರಾ? ವಿಜೆಟ್, ಸೆಟ್ಟಿಂಗ್‌ಗಳು ಇರುವ ಆಪ್ಷನ್ಸ್ ಟೇಬಲ್‌ನ ಸೀರಿಯಲೈಸ್ಡ್ ಡೇಟಾವನ್ನು (ಹಲವು ಮೌಲ್ಯಗಳನ್ನು ಒಂದೇ ಪಠ್ಯವಾಗಿ ಜೋಡಿಸಿಟ್ಟದ್ದು) ಹೇಗೆ ಸರಿಪಡಿಸಿದಿರಿ? ಅಲ್ಲಿ ಪಠ್ಯದ ಜೊತೆ ಬೈಟ್ ಲೆಕ್ಕವೂ ಇರುತ್ತದೆ, ಸುಮ್ನೆ ಕೈ ಹಾಕಲು ಧೈರ್ಯ ಸಾಲುತ್ತಿಲ್ಲ.

ಈಗಿನ ಡೇಟಾಬೇಸ್‌ನ ಬ್ಯಾಕಪ್ ತೆಗೆದಿಟ್ಟಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಒಂದು ನಕಲನ್ನೂ ಓಡಿಸಿದ್ದೇನೆ, ಪ್ರಯೋಗವೆಲ್ಲ ಅಲ್ಲೇ. ಹಿರಿಯ ಭಾಗವತರು ಹೇಳಿದ ನೆನಪುಗಳು ಆ ಪೋಸ್ಟ್‌ಗಳಲ್ಲಿವೆ. ಅವರಲ್ಲಿ ಕೆಲವರು ಈಗ ನಮ್ಮೊಂದಿಗಿಲ್ಲ, ಮತ್ತೆ ಕೇಳಿ ಬರೆಯುವ ಹಾಗಿಲ್ಲ.

ಉಡುಪಿ, ಮಣಿಪಾಲದ ಕಡೆ ಯಾರಾದರೂ ಭಾನುವಾರ ಸ್ವಲ್ಪ ಹೊತ್ತು ಕೂತು ನೋಡುವುದಾದರೆ ನಾನೇ ಲ್ಯಾಪ್‌ಟಾಪ್ ಹಿಡಿದು ಬರುತ್ತೇನೆ. ದಯವಿಟ್ಟು ಇಲ್ಲೇ ತಿಳಿಸಿ.