ಮಣ್ಣು ಆರೋಗ್ಯ ಕಾರ್ಡಿನ ಇಂಗ್ಲಿಷ್ ಪದ, ಅಂಕಿ ಓದುವುದು ಹೇಗೆ? ನೀರಾವರಿ ಮೆಕ್ಕೆಜೋಳಕ್ಕೆ ಗೊಬ್ಬರದ ಲೆಕ್ಕ ಬೇಕಿತ್ತು

ಮೆಕ್ಕೆಜೋಳ_ಹಾವೇರಿ ಕೇಳಿದ್ದು:

ನಮ್ಮ 3 ಎಕರೆ ಹೊಲದ ಸಾಯಿಲ್ ಹೆಲ್ತ್ ಕಾರ್ಡ್ ಬಂದಿದೆ. ಮಸಾರಿ (ಕೆಂಪು) ಮತ್ತು ಎರೆ (ಕಪ್ಪು) ಮಿಶ್ರ ಮಣ್ಣು, ಬೋರ್‌ವೆಲ್ ನೀರು. ಪದಗಳೆಲ್ಲ ಇಂಗ್ಲಿಷಿನಲ್ಲಿವೆ. ಕಾರ್ಡಿನಲ್ಲಿ ಇರುವುದು ಇಷ್ಟು:

ಪಿಎಚ್ 8.2, ಇಸಿ 0.35, ಓಸಿ 0.42, ಅವೈಲೆಬಲ್ ನೈಟ್ರೋಜನ್ 210, ಫಾಸ್ಫರಸ್ 18, ಪೊಟ್ಯಾಸಿಯಂ 310, ಸಲ್ಫರ್ 8, ಜಿಂಕ್ 0.48, ಬೋರಾನ್ 0.4, ಐರನ್ 5.2, ಮ್ಯಾಂಗನೀಸ್ 6.1, ಕಾಪರ್ 0.9.

ಇವುಗಳಲ್ಲಿ ಯಾವುದು ಕಡಿಮೆ, ಯಾವುದು ಹೆಚ್ಚು? ಅವೈಲೆಬಲ್, ಡಿಫಿಶಿಯೆಂಟ್, ಸಫಿಶಿಯೆಂಟ್ ಅನ್ನುವುದಕ್ಕೆ ಲೆಕ್ಕ ಏನು? ಅಂಗಡಿಯಲ್ಲಿ ಎಕರೆಗೆ ಎರಡು ಚೀಲ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್ ಗೊಬ್ಬರ) ಹಾಕಿ ಅಂತಾರೆ. ಕಾರ್ಡ್ ನೋಡಿ ಎಷ್ಟು ಚೀಲ ತರಬೇಕು ಅಂತ ಯಾರಾದರೂ ಬಿಡಿಸಿ ಹೇಳಿ.

ಎರೆಹೊಲ ಬರೆದದ್ದು:

ಅಂಕಿ ನೋಡುವ ಮೊದಲು ಅದರ ಪಕ್ಕದ ಯೂನಿಟ್ ಕಾಲಂ ನೋಡಿ. ಕಾರ್ಡ್ ಓದುವಾಗ ಹೆಚ್ಚಿನವರು ಎಡವುವುದು ಅಲ್ಲೇ. ಒಂದೇ ಕಾರ್ಡಿನಲ್ಲಿ ನಾಲ್ಕು ಬಗೆಯ ಅಳತೆ ಇರುತ್ತದೆ. ಇಸಿಗೆ (ಕರಗಿದ ಉಪ್ಪಿನ ಅಂದಾಜು ಕೊಡುವ ವಿದ್ಯುತ್ ವಾಹಕತೆ) ಡೆಸಿಸೀಮನ್ಸ್ ಪರ್ ಮೀಟರ್, ಓಸಿಗೆ ಶೇಕಡಾ, ಸಾರಜನಕ (ನೈಟ್ರೋಜನ್), ರಂಜಕ (ಫಾಸ್ಫರಸ್), ಪೊಟ್ಯಾಷ್‌ಗೆ ಹೆಕ್ಟೇರಿಗೆ ಕಿಲೋ, ಉಳಿದವಕ್ಕೆ ಪಿಪಿಎಂ. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ಕಿಲೋ ಮಣ್ಣಿಗೆ ಒಂದು ಮಿಲಿಗ್ರಾಂ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 22.4 ಲಕ್ಷ ಕಿಲೋ ತೂಗುತ್ತದೆ, ಹಾಗಾಗಿ 1 ಪಿಪಿಎಂ ಅಂದರೆ ಹೆಕ್ಟೇರಿಗೆ 2.24 ಕಿಲೋ.

ಅವೈಲೆಬಲ್ ಅಂದರೆ ಬೆಳೆ ಬೇರಿನಿಂದ ಎಳೆದುಕೊಳ್ಳಬಹುದಾದ ರೂಪದಲ್ಲಿ ಇರುವಷ್ಟು. ಮಣ್ಣಿನಲ್ಲಿ ಒಟ್ಟು ಇರುವುದು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು, ಅದು ಟೋಟಲ್. ಗೊಬ್ಬರದ ಲೆಕ್ಕಕ್ಕೆ ಟೋಟಲ್ ಬೇಡ.

ಈಗ ನಿಮ್ಮ ಅಂಕಿಗಳಿಗೆ ಬರೋಣ.

ಓಸಿ ಅಂದರೆ ಸಾವಯವ ಇಂಗಾಲ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಮೇಲಿದ್ದರೆ ಹೆಚ್ಚು. ನಿಮ್ಮದು ಕಡಿಮೆ. ಅದನ್ನು 1.724ರಿಂದ ಗುಣಿಸಿದರೆ ಸಾವಯವ ಪದಾರ್ಥ ಸಿಗುತ್ತದೆ, ನಿಮ್ಮ ಹೊಲದಲ್ಲಿ ಸುಮಾರು ಶೇ 0.72.

ಸಾರಜನಕ 280ರ ಒಳಗಿದ್ದರೆ ಕಡಿಮೆ, 560ರವರೆಗೆ ಮಧ್ಯಮ. 210 ಕಡಿಮೆ. ಎಷ್ಟೋ ಲ್ಯಾಬ್‌ಗಳಲ್ಲಿ ಸಾರಜನಕವನ್ನು ಬೇರೆಯಾಗಿ ಅಳೆಯದೆ ಓಸಿಯಿಂದಲೇ ಅಂದಾಜು ಮಾಡುತ್ತಾರೆ. ಹಾಗಾಗಿ ಇವೆರಡನ್ನೂ ಎರಡು ಪ್ರತ್ಯೇಕ ಸಾಕ್ಷಿ ಎಂದು ಲೆಕ್ಕ ಹಿಡಿಯಬೇಡಿ.

ಗಂಧಕಕ್ಕೆ (ಸಲ್ಫರ್) 10 ಪಿಪಿಎಂ, ಸತುವಿಗೆ (ಜಿಂಕ್) 0.6, ಬೋರಾನ್‌ಗೆ 0.5, ಕಬ್ಬಿಣಕ್ಕೆ 4.5, ಮ್ಯಾಂಗನೀಸ್‌ಗೆ 2, ತಾಮ್ರಕ್ಕೆ 0.2. ಇವು ಕ್ರಿಟಿಕಲ್ ಲಿಮಿಟ್. ಅದಕ್ಕಿಂತ ಕೆಳಗಿದ್ದರೆ ಡಿಫಿಶಿಯೆಂಟ್, ಮೇಲಿದ್ದರೆ ಸಫಿಶಿಯೆಂಟ್. ನಿಮ್ಮಲ್ಲಿ ಗಂಧಕ, ಸತು, ಬೋರಾನ್ ಕೊರತೆ ಇದೆ, ಉಳಿದವು ಸಾಕಷ್ಟಿವೆ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಮಳೆಯಾಶ್ರಿತ ಹೊಲಗಳ ಮಣ್ಣು ನೋಡಿದಾಗಲೂ ಇದೇ ಮೂರರ ಕೊರತೆ ವ್ಯಾಪಕವಾಗಿ ಕಂಡಿತ್ತು.

ರಂಜಕ, ಪೊಟ್ಯಾಷ್ ಎರಡನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಕಾರ್ಡಿನಲ್ಲಿ ಬರಿಯ 'ಪಿ' ಅಂತ ಇದೆಯೋ, ಆಮ್ಲಜನಕ ಸೇರಿದ ರೂಪದ ಲೆಕ್ಕವಾದ 'ಪಿ2ಓ5' ಅಂತ ಇದೆಯೋ? 'ಕೆ' ಅಂತ ಇದೆಯೋ, 'ಕೆ2ಓ' ಅಂತಲೋ? ಬರಿಯ ರಂಜಕವನ್ನು 2.29ರಿಂದ ಗುಣಿಸಿದರೆ ಪಿ2ಓ5, ಬರಿಯ ಪೊಟ್ಯಾಸಿಯಂ ಅನ್ನು 1.2ರಿಂದ ಗುಣಿಸಿದರೆ ಕೆ2ಓ. ನಿಮ್ಮ 18 ಬರಿಯ ರಂಜಕವಾಗಿದ್ದರೆ ಅದು 41 ಕಿಲೋ ಪಿ2ಓ5, ಅಂದರೆ ಮಧ್ಯಮ. ಅದೇ 18 ಪಿ2ಓ5 ರೂಪದ್ದೇ ಆಗಿದ್ದರೆ ಕಡಿಮೆ, ಯಾಕೆಂದರೆ ಆ ರೂಪದಲ್ಲಿ ಮಧ್ಯಮ ಶುರುವಾಗುವುದು ಸುಮಾರು 23ಕ್ಕೆ. ಪೊಟ್ಯಾಷ್ 310 ಕೂಡ ಹಾಗೆಯೇ. ಕೆ2ಓ ಆಗಿದ್ದರೆ ಮಧ್ಯಮ, ಬರಿಯ ಪೊಟ್ಯಾಸಿಯಂ ಆಗಿದ್ದರೆ 372 ಕಿಲೋ ಕೆ2ಓ, ಸುಮಾರು 336ರ ಗೆರೆ ದಾಟಿ ಹೆಚ್ಚಿನ ವರ್ಗಕ್ಕೆ ಹೋಗುತ್ತದೆ. ಯೂನಿಟ್ ಕಾಲಂನಲ್ಲಿ ಸ್ಪಷ್ಟ ಇಲ್ಲದಿದ್ದರೆ ಪಕ್ಕದ ರೇಟಿಂಗ್ ಕಾಲಂ ನೋಡಿ. 18ರ ಎದುರು ಮೀಡಿಯಂ ಅಂತ ಇದ್ದರೆ ಅದು ಬರಿಯ ರಂಜಕದ ಲೆಕ್ಕ.

ಮೆಕ್ಕೆಜೋಳ_ಹಾವೇರಿ:

ರೇಟಿಂಗ್ ನೋಡಿದೆ. ಫಾಸ್ಫರಸ್ ಮೀಡಿಯಂ, ಪೊಟ್ಯಾಸಿಯಂ ಹೈ. ಹಾಗಾದರೆ ಎರಡೂ ಬರಿಯ ಧಾತುವಿನ ಲೆಕ್ಕ. ಚೀಲದ ಲೆಕ್ಕ ಹೇಳ್ತೀರಾ?

ಗುಂಟೆಲೆಕ್ಕ ಬರೆದದ್ದು:

ನೀರಾವರಿ ಹೈಬ್ರಿಡ್ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 150:75:40 ಶಿಫಾರಸು ಹಿಡಿಯುತ್ತೇನೆ. ನಿಮ್ಮ ವಲಯದ ಕೃಷಿ ವಿಶ್ವವಿದ್ಯಾಲಯದ ಬೇಸಾಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿಕೊಂಡು ಇದೇ ದಾರಿಯಲ್ಲಿ ಲೆಕ್ಕ ಮಾಡಿ. ಶಿಫಾರಸಿನ ಮೂರು ಅಂಕಿ ಸಾರಜನಕ, ಪಿ2ಓ5, ಕೆ2ಓ. ಗೊಬ್ಬರದ ಚೀಲದ ಮೇಲಿನ ಗ್ರೇಡ್ ಕೂಡ ಇದೇ ಕ್ರಮದಲ್ಲಿ, ಇದೇ ರೂಪದಲ್ಲಿ ಇರುತ್ತದೆ. ಇಲ್ಲಿ ಪರಿವರ್ತನೆ ಬೇಡ.

ಎರಡೂವರೆಯಿಂದ ಭಾಗಿಸಿದರೆ ಎಕರೆಗೆ 60:30:16. ಮಣ್ಣು ಪರೀಕ್ಷೆಯಲ್ಲಿ ಕಡಿಮೆ ಬಂದದ್ದಕ್ಕೆ ಕಾಲು ಭಾಗ ಸೇರಿಸುವುದು, ಹೆಚ್ಚು ಬಂದದ್ದಕ್ಕೆ ಕಾಲು ಭಾಗ ಇಳಿಸುವುದು, ಮಧ್ಯಮ ಇದ್ದರೆ ಹಾಗೇ ಬಿಡುವುದು ರೂಢಿ. ನಿಮಗೆ ಎಕರೆಗೆ ಸಾರಜನಕ 75, ಪಿ2ಓ5 30, ಕೆ2ಓ 12. ಮೂರು ಎಕರೆಗೆ 225, 90, 36.

ಚೀಲದಲ್ಲಿ ಏನಿದೆ ಅಂತ ಒಮ್ಮೆ ಬರೆದಿಟ್ಟುಕೊಂಡರೆ ಪ್ರತಿ ಸಲ ಕೇಳಬೇಕಿಲ್ಲ. ಡಿಎಪಿ 18-46-0, 50 ಕಿಲೋ ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ಪಿ2ಓ5. ಯೂರಿಯಾದಲ್ಲಿ ಶೇ 46 ಸಾರಜನಕ, ಆದರೆ ಚೀಲ ಈಗ 45 ಕಿಲೋ, ಹಾಗಾಗಿ 20.7 ಕಿಲೋ. ಹಳೆಯ 50 ಕಿಲೋ ಲೆಕ್ಕದಲ್ಲಿ ಹೋದರೆ ಚೀಲಕ್ಕೆ 2.3 ಕಿಲೋ ಸಾರಜನಕ ಕಡಿಮೆ ಬೀಳುತ್ತದೆ. ಎಂಒಪಿ, ಅಂದರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಶೇ 60, ಚೀಲಕ್ಕೆ 30 ಕಿಲೋ ಕೆ2ಓ. ಎಸ್‌ಎಸ್‌ಪಿ, ಅಂದರೆ ಸಿಂಗಲ್ ಸೂಪರ್ ಫಾಸ್ಫೇಟ್, ಶೇ 16 ಪಿ2ಓ5, ಜೊತೆಗೆ ಶೇ 11 ಗಂಧಕ. ಚೀಲಕ್ಕೆ 8 ಮತ್ತು 5.5 ಕಿಲೋ.

ನಿಮಗೆ ಗಂಧಕದ ಕೊರತೆ ಇದೆ. ರಂಜಕ ಪೂರ್ತಿ ಡಿಎಪಿಯಿಂದಲೇ ಕೊಟ್ಟರೆ ಗಂಧಕ ಬರುವುದೇ ಇಲ್ಲ. ಅದಕ್ಕೆ ಅರ್ಧ ಡಿಎಪಿ, ಅರ್ಧ ಎಸ್‌ಎಸ್‌ಪಿ ಹಾಕಿ. ಮೂರು ಎಕರೆಗೆ ಎರಡು ಚೀಲ ಡಿಎಪಿ, ಐದೂವರೆ ಚೀಲ ಎಸ್‌ಎಸ್‌ಪಿ. 46 ಮತ್ತು 44 ಸೇರಿ 90 ಕಿಲೋ ಪಿ2ಓ5 ಆಯಿತು. ಗಂಧಕ 30 ಕಿಲೋ, ಎಕರೆಗೆ ಹತ್ತು ಸಿಕ್ಕಿತು. ಗಂಧಕಕ್ಕಾಗಿ ಜಿಪ್ಸಮ್ (ಕ್ಯಾಲ್ಸಿಯಂ, ಗಂಧಕ ಇರುವ ಖನಿಜ) ಬೇರೆ ತರಬೇಕಿಲ್ಲ.

ಸಾರಜನಕದಲ್ಲಿ ಡಿಎಪಿಯ 18 ಕಿಲೋ ಕಳೆಯಿರಿ. ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರ ಹಾಕುವುದಾದರೆ, ಅದರಲ್ಲಿ ಸುಮಾರು ಶೇ 0.5 ಸಾರಜನಕ, ಮೊದಲ ಬೆಳೆಗೆ ಸಿಗುವುದು ಅದರ ಮೂರನೇ ಒಂದು ಪಾಲು. ಎಕರೆಗೆ 6 ಕಿಲೋ ಹಿಡಿದು ಇನ್ನೊಂದು 18 ಕಳೆಯಿರಿ. ಉಳಿದದ್ದು 189. ಅದಕ್ಕೆ 411 ಕಿಲೋ ಯೂರಿಯಾ, ಅಂದರೆ ಒಂಬತ್ತು ಚೀಲ. ಎಂಒಪಿ 60 ಕಿಲೋ, ಒಂದು ಚೀಲ ಮತ್ತು ಹತ್ತು ಕಿಲೋ.

ಅಂಗಡಿಯವರು ಹೇಳಿದ ಎಕರೆಗೆ ಎರಡು ಚೀಲ ಡಿಎಪಿ ಅಂದರೆ 46 ಕಿಲೋ ಪಿ2ಓ5. ನಿಮಗೆ ಬೇಕಿರುವುದು 30. ಹೆಚ್ಚಾದ ರಂಜಕ ಸುಮ್ಮನೆ ಉಳಿಯುವುದೂ ಇಲ್ಲ, ಮೊದಲೇ ಕಡಿಮೆ ಇರುವ ಸತು ಬೆಳೆಗೆ ಸಿಗುವುದನ್ನು ಇನ್ನಷ್ಟು ತಗ್ಗಿಸುತ್ತದೆ.

ಯೂರಿಯಾ ಒಂದೇ ಸಲ ಹಾಕಬೇಡಿ. ಬಿತ್ತನೆಗೆ ಮೂರು ಚೀಲ, ಮಂಡಿಯೆತ್ತರಕ್ಕೆ ಬಂದಾಗ, ಅಂದರೆ 30 ದಿನದ ಹೊತ್ತಿಗೆ ಮೂರು, ಸೂಲಂಗಿ ಹೊರಡುವ ಮುನ್ನ ಮೂರು. ಮೇಲುಗೊಬ್ಬರವನ್ನು ಸಾಲಿನ ಪಕ್ಕ ಬಿಟ್ಟು ಮಣ್ಣು ಮುಚ್ಚಿ. ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ತೋರಿಸುವ ಅಂಕಿ) 8ರ ಮೇಲಿರುವ ಕ್ಷಾರ ಮಣ್ಣಿನ ಮೇಲೆ ಯೂರಿಯಾ ತೆರೆದು ಬಿದ್ದಿದ್ದರೆ ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ.

ಹಸಿರುಬದು ಬರೆದದ್ದು:

ಲೆಕ್ಕ ಸರಿ ಇದೆ. ಆದರೆ ಪಿಎಚ್ 8.2 ಇದೆಯಲ್ಲ, ಮೊದಲು ಎಕರೆಗೆ ಒಂದು ಟನ್ ಜಿಪ್ಸಮ್ ಹಾಕಿ ಅದನ್ನು ಇಳಿಸಿಕೊಳ್ಳುವುದು ಒಳ್ಳೆಯದಲ್ಲವೇ?

ಎರೆಹೊಲ:

ಬೇಡ. ಜಿಪ್ಸಮ್ ಕೆಲಸ ಮಾಡುವುದು ಸೋಡಿಯಂ ಹೆಚ್ಚಾದ ಮಣ್ಣಿನಲ್ಲಿ. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗಕ್ಕೆ ಕೂತು, ಸೋಡಿಯಂ ನೀರಿನ ಜೊತೆ ಬಸಿದು ಹೋಗುತ್ತದೆ. ಅಂಥ ಮಣ್ಣಿಗೆ ಇಂಗ್ಲಿಷಿನಲ್ಲಿ ಸೋಡಿಕ್ ಅಥವಾ ಆಲ್ಕಲೈ ಅನ್ನುತ್ತಾರೆ, ಸಾಮಾನ್ಯವಾಗಿ ಪಿಎಚ್ 8.5ರ ಮೇಲೆ, ಇಎಸ್‌ಪಿ (ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂನ ಶೇಕಡಾ ಪಾಲು) 15ರ ಮೇಲೆ ಇರುತ್ತದೆ. ಒದ್ದೆಯಾದಾಗ ಜಾರುವ ಕೆಸರು, ಒಣಗಿದಾಗ ಕಲ್ಲಿನಂಥ ಹೆಪ್ಪು, ನೀರು ನಿಂತೇ ಇರುವುದು ಅದರ ಗುರುತು. ಸಲೈನ್ ಅಂದರೆ ಬೇರೆ. ಅದರಲ್ಲಿ ಕರಗಿದ ಉಪ್ಪು ಹೆಚ್ಚು, ಇಸಿ ಏರಿರುತ್ತದೆ, ಬಿಸಿಲಿಗೆ ಮೇಲೆ ಬಿಳಿ ಪದರ ಕಾಣುತ್ತದೆ. ಅದಕ್ಕೆ ಬಸಿಗಾಲುವೆ ತೆಗೆದು ಒಳ್ಳೆಯ ನೀರಲ್ಲಿ ತೊಳೆಯಬೇಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎರಡೂ ಬಗೆಯ ಮಣ್ಣು ಇವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಇವರ ಇಸಿ 0.35, ಪಿಎಚ್ 8.2. ಇದು ಹೆಚ್ಚಾಗಿ ಸುಣ್ಣದ ಅಂಶದಿಂದ ಬಂದ ಪಿಎಚ್. ಒಣ ಮಣ್ಣಿನ ಹೆಂಟೆಯ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಟ್ಟರೆ ನೊರೆ ಬರುತ್ತದೆ, ಅದು ಸುಣ್ಣದ ಗುರುತು. ಇಂಗ್ಲಿಷಿನಲ್ಲಿ ಕ್ಯಾಲ್ಕೇರಿಯಸ್ ಅನ್ನುವುದು ಇದಕ್ಕೇ. ಸುಣ್ಣ ಇರುವ ಮಣ್ಣಿಗೆ ಮತ್ತೆ ಕ್ಯಾಲ್ಸಿಯಂ ಸುರಿದರೆ ಪಿಎಚ್ ಇಳಿಯುವುದಿಲ್ಲ. ಕೊಟ್ಟಿಗೆ ಗೊಬ್ಬರ, ಸಾಲಿನಲ್ಲಿ ಕೊಟ್ಟ ರಂಜಕ, ಸತು, ಇಷ್ಟರಲ್ಲೇ ನಿಭಾಯಿಸಬೇಕು.

ಇಸಿ ಬಗ್ಗೆ ಒಂದು ಮಾತು. ಕಾರ್ಡಿನ ಇಸಿ ಮಣ್ಣಿಗೆ ನೀರು ಬೆರೆಸಿ ಅಳೆದದ್ದು, ಅದರಲ್ಲಿ 1ರ ಒಳಗೆ ಇದ್ದರೆ ಚಿಂತೆಯಿಲ್ಲ. 4 ದಾಟಿದರೆ ಸವುಳು (ಸಲೈನ್) ಅಂತ ಹೇಳುವುದು ಸ್ಯಾಚುರೇಶನ್ ಎಕ್ಸ್‌ಟ್ರಾಕ್ಟ್ ವಿಧಾನದ, ಅಂದರೆ ಮಣ್ಣನ್ನು ಕೆಸರಾಗುವಷ್ಟು ಮಾತ್ರ ತೋಯಿಸಿ ಅದರ ನೀರನ್ನು ಹೀರಿ ತೆಗೆದು ಅಳೆದ ಅಂಕಿ. ಇವೆರಡನ್ನು ಹೋಲಿಸಬಾರದು.

ಬಾವಿಗಟ್ಟೆ ಬರೆದದ್ದು:

ಬೋರ್ ನೀರನ್ನೂ ಪರೀಕ್ಷೆ ಮಾಡಿಸಿ. ಆ ವರದಿಯಲ್ಲಿ ಆರ್‌ಎಸ್‌ಸಿ ಅಂತ ಒಂದು ಸಾಲು ಇರುತ್ತದೆ, ರೆಸಿಡ್ಯುಯಲ್ ಸೋಡಿಯಂ ಕಾರ್ಬೊನೇಟ್, ಅಂದರೆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಿಂತ ಮಿಕ್ಕಿ ಇರುವ ಕಾರ್ಬೊನೇಟ್, ಬೈಕಾರ್ಬೊನೇಟ್. ಲೀಟರಿಗೆ 1.25 ಮಿಲಿಈಕ್ವಿವಲೆಂಟ್ ಒಳಗಿದ್ದರೆ ನಿಶ್ಚಿಂತೆ, 2.5 ದಾಟಿದರೆ ವರ್ಷ ಹೋದಂತೆ ಆ ನೀರೇ ನಿಮ್ಮ ಹೊಲವನ್ನು ಚೌಳು (ಸೋಡಿಕ್) ಮಾಡುತ್ತದೆ. ಎರೆ ಮಿಶ್ರ ಮಣ್ಣಿನಲ್ಲಿ ಇನ್ನೂ ಬೇಗ. ನೀರಿನ ವರದಿಯಲ್ಲಿ ಇಸಿ ಮೈಕ್ರೋಸೀಮನ್ಸ್‌ನಲ್ಲಿ ಇದ್ದು 800, 900 ಅಂತ ಕಂಡರೆ ಗಾಬರಿ ಬೇಡ. ಸೆಂಟಿಮೀಟರಿಗೆ 1000 ಮೈಕ್ರೋಸೀಮನ್ಸ್ ಅಂದರೆ ಕಾರ್ಡಿನ ಲೆಕ್ಕದಲ್ಲಿ 1.

ಮೆಕ್ಕೆಜೋಳ_ಹಾವೇರಿ:

ಜಿಂಕ್, ಬೋರಾನ್ ಯಾವಾಗ, ಯಾವುದರ ಜೊತೆ ಹಾಕಬೇಕು? ಅಂಗಡಿಯಲ್ಲಿ ಶೇ 21 ಮತ್ತು ಶೇ 33 ಅಂತ ಎರಡು ಜಿಂಕ್ ಇವೆ. ಇನ್ನೊಂದು, ಕಾರ್ಡಿನಲ್ಲಿರುವ ಮಣ್ಣು ನಮ್ಮ ಹೊಲದ್ದೇನಾ ಅಂತ ತಿಳಿಯುವುದು ಹೇಗೆ?

ಗುಂಟೆಲೆಕ್ಕ:

ಶೇ 21 ಇರುವುದು ಹೆಪ್ಟಾಹೈಡ್ರೇಟ್, ಹರಳು. ಶೇ 33 ಇರುವುದು ಮೊನೊಹೈಡ್ರೇಟ್, ಪುಡಿ. ಹರಳಾದರೆ ಎಕರೆಗೆ 10 ಕಿಲೋ, ಪುಡಿಯಾದರೆ ಆರೂವರೆ ಕಿಲೋ. ಎರಡರಲ್ಲೂ ಸತು ಸುಮಾರು 2.1 ಕಿಲೋ, ಬೆಲೆಯನ್ನು ಸತುವಿನ ಕಿಲೋ ಲೆಕ್ಕದಲ್ಲಿ ಹೋಲಿಸಿ ಕೊಳ್ಳಿ. ಡಿಎಪಿ, ಎಸ್‌ಎಸ್‌ಪಿ ಜೊತೆ ಬೆರೆಸಬೇಡಿ. ರಂಜಕದ ಜೊತೆ ಸೇರಿ ಕರಗದ ಜಿಂಕ್ ಫಾಸ್ಫೇಟ್ ಆಗುತ್ತದೆ, ಎರಡೂ ನಷ್ಟ. ಕೊಟ್ಟಿಗೆ ಗೊಬ್ಬರ ಅಥವಾ ಒಣ ಮಣ್ಣಿನಲ್ಲಿ ಕಲಸಿ ಕೊನೆಯ ಕುಂಟೆಗೆ ಮುಂಚೆ ಎರಚಿ. ಹಾಗೆಯೇ ಯೂರಿಯಾ, ಎಸ್‌ಎಸ್‌ಪಿ ಬೆರೆಸಿ ಇಟ್ಟರೆ ನೀರು ಬಿಟ್ಟು ಅಂಟಾಗುತ್ತದೆ, ಬೆರೆಸಿದ ಕೂಡಲೇ ಬಳಸಬೇಕು.

ಸತುವನ್ನು ಪ್ರತಿ ಬೆಳೆಗೂ ಹಾಕಬೇಕಿಲ್ಲ, ಎರಡು ಮೂರು ಬೆಳೆಗೆ ಒಮ್ಮೆ ಸಾಕು. ಹಾಕುವುದು ತಪ್ಪಿಹೋಗಿ, ಎಳೆ ಎಲೆಯ ಬುಡದಲ್ಲಿ ನಡುನರದ ಎರಡೂ ಬದಿ ಬಿಳಿ ಪಟ್ಟೆ ಕಂಡರೆ, ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಹಾಕಿ ಸೋಸಿ ಸಿಂಪಡಿಸಿ. ಸುಣ್ಣ ಬಿಟ್ಟರೆ ಎಲೆ ಸುಡುತ್ತದೆ.

ಬೋರಾನ್‌ಗೆ ಬೋರಾಕ್ಸ್ ಎಕರೆಗೆ 2 ಕಿಲೋ, ಅದಕ್ಕಿಂತ ಹೆಚ್ಚು ಬೇಡವೇ ಬೇಡ. ಕೊರತೆಗೂ ವಿಷವಾಗುವುದಕ್ಕೂ ನಡುವಿನ ಅಂತರ ಬಹಳ ಕಿರಿದು. ಮುಂದೆ ಶೇಂಗಾ ಅಥವಾ ಸೂರ್ಯಕಾಂತಿ ಹಾಕುವ ಯೋಚನೆ ಇದ್ದರೆ ಅದಕ್ಕೇ ಕೊಡಿ, ಅವಕ್ಕೆ ಬೋರಾನ್ ಹೆಚ್ಚು ಬೇಕು.

ಎರೆಹೊಲ:

ಎರಡನೇ ಪ್ರಶ್ನೆಗೆ. 2015ರ ಫೆಬ್ರವರಿಯಲ್ಲಿ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರುವಾದಾಗ ಮಾದರಿ ತೆಗೆಯಲು ಗ್ರಿಡ್, ಅಂದರೆ ಚೌಕಗಳ ಲೆಕ್ಕ, ಗೊತ್ತು ಮಾಡಿದ್ದರು. ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತದಲ್ಲಿ 10 ಹೆಕ್ಟೇರಿಗೆ ಒಂದು. ಎರಡೂವರೆ ಹೆಕ್ಟೇರ್ ಅಂದರೆ ಆರು ಎಕರೆಗೂ ಮೇಲೆ. ಆ ಲೆಕ್ಕದ ಕಾರ್ಡ್ ಆಗಿದ್ದರೆ ಮಣ್ಣು ಪಕ್ಕದ ಹೊಲದ್ದೂ ಆಗಿರಬಹುದು. ಕಾರ್ಡಿನಲ್ಲಿ ಲ್ಯಾಟಿಟ್ಯೂಡ್, ಲಾಂಗಿಟ್ಯೂಡ್ ಕೊಟ್ಟಿದ್ದರೆ ಫೋನಿನ ನಕ್ಷೆಯಲ್ಲಿ ಹಾಕಿ ನೋಡಿ, ಬಿಂದು ಎಲ್ಲಿ ಬೀಳುತ್ತದೆ ಅಂತ ಗೊತ್ತಾಗುತ್ತದೆ.

ನಿಮ್ಮದಲ್ಲ ಅನಿಸಿದರೆ ನೀವೇ ತೆಗೆದು ಕೊಡಿ. ಮಸಾರಿ ಭಾಗಕ್ಕೆ ಒಂದು, ಎರೆ ಭಾಗಕ್ಕೆ ಒಂದು, ಎರಡು ಮಾದರಿ. ಕಸ ಕಡ್ಡಿ ಸರಿಸಿ, 15 ಸೆಂಟಿಮೀಟರ್ ಆಳದ 'ವಿ' ಆಕಾರದ ಗುಂಡಿ ತೆಗೆದು, ಅದರ ಒಂದು ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದಿಂಚು ದಪ್ಪ ಮಣ್ಣು ಕೆರೆದುಕೊಳ್ಳಿ. ಹೀಗೆ ಅಂಕುಡೊಂಕಾಗಿ ನಡೆಯುತ್ತ ಹತ್ತು ಹನ್ನೆರಡು ಕಡೆ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ, ನೀರಿನ ಕಾಲುವೆ ಬಿಡಿ. ಎಲ್ಲ ಕಲಸಿ ಹರಡಿ, ನಾಲ್ಕು ಭಾಗ ಮಾಡಿ ಎದುರುಬದುರು ಎರಡು ಭಾಗ ಚೆಲ್ಲಿ. ಅರ್ಧ ಕಿಲೋ ಉಳಿಯುವ ತನಕ ಹಾಗೇ ಮಾಡಿ. ನೆರಳಲ್ಲಿ ಒಣಗಿಸಿ. ಗೊಬ್ಬರದ ಖಾಲಿ ಚೀಲದಲ್ಲಿ ತುಂಬಬೇಡಿ, ತಗಡಿನ ಬಕೆಟ್ ಬೇಡ. ಜಿಐ ತಗಡಿಗೆ ಸತುವಿನ ಲೇಪ ಇರುತ್ತದೆ, ನಿಮ್ಮ 0.48 ಅಲ್ಲೇ 0.6 ದಾಟಿಬಿಡುತ್ತದೆ. ಪ್ಲಾಸ್ಟಿಕ್ ಬಕೆಟ್, ಬಿದಿರು ಅಥವಾ ಮರದ ಚಕ್ಕೆ ಸಾಕು. ಈ ಬೆಳೆ ಕಟಾವಾದ ಮೇಲೆ, ಮುಂದಿನದಕ್ಕೆ ಗೊಬ್ಬರ ಬೀಳುವ ಮೊದಲು ತೆಗೆಯಿರಿ. ಚೀಟಿಯಲ್ಲಿ ಸರ್ವೆ ನಂಬರ್, ಹಿಂದಿನ ಬೆಳೆ, ಮುಂದಿನ ಬೆಳೆ ಬರೆದು, ಸೂಕ್ಷ್ಮ ಪೋಷಕಾಂಶಗಳೂ ಬೇಕು ಅಂತ ಸೇರಿಸಿ. ಕೇಳದಿದ್ದರೆ ಕೆಲವು ಲ್ಯಾಬ್‌ಗಳಲ್ಲಿ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಮಾತ್ರ ನೋಡಿ ಕಳಿಸುತ್ತಾರೆ.