ಕಪ್ ಹೋಲ್ಡರ್‌ನಲ್ಲಿ ಕೂರುವ ಫೋನ್ ಚಾರ್ಜಿಂಗ್ ಸ್ಟ್ಯಾಂಡ್ ಮನೆಯಲ್ಲೇ ಮಾಡುವುದು ಹೇಗೆ?

ಹೊಸಚಕ್ರ ಕೇಳಿದ್ದು:

ಗಾಡಿ ಮ್ಯಾನುಯಲ್ ಗೇರಿನ ಹ್ಯಾಚ್‌ಬ್ಯಾಕ್. ಗೇರ್ ಲಿವರ್ ಮುಂದೆ ಎರಡು ಕಪ್ ಹೋಲ್ಡರ್, ಅದಕ್ಕೂ ಮುಂದೆ 12 ವೋಲ್ಟ್ ಸಾಕೆಟ್. ಎಡಗಡೆಯ ಕಪ್ ಹೋಲ್ಡರ್‌ನಲ್ಲಿ ಗಟ್ಟಿಯಾಗಿ ಕೂರುವ ಸ್ಟ್ಯಾಂಡ್ ಬೇಕು. ಒಂದೇ ಕೈಯಲ್ಲಿ ಫೋನ್ ಇಳಿಸಿದರೆ ಚಾರ್ಜ್ ಆಗಬೇಕು, ಎತ್ತಿದರೆ ಕಳಚಿಕೊಳ್ಳಬೇಕು. ಗಾಡಿಗೆ ತೂತು ಕೊರೆಯುವ ಹಾಗಿಲ್ಲ.

ಅಳತೆಗಳು: ಕಪ್ ಹೋಲ್ಡರ್ ಒಳವ್ಯಾಸ ಬಾಯಲ್ಲಿ 74 ಮಿ.ಮೀ., ತಳದಲ್ಲಿ 66, ಆಳ 65. ಕವರ್ ಸಮೇತ ಫೋನ್ 168 × 81 × 12 ಮಿ.ಮೀ., ಟೈಪ್-ಸಿ. ಕವರಿನ ದಪ್ಪ 2 ಮಿ.ಮೀ. ಡ್ರಿಲ್, ಗರಗಸ, ಸೋಲ್ಡರಿಂಗ್ ಐರನ್ ಇವೆ. 3ಡಿ ಪ್ರಿಂಟರ್ ಇಲ್ಲ.

ಯಾವ ವಸ್ತುವಿನಲ್ಲಿ ಮಾಡಿದರೆ ಬಿಸಿಲಿಗೆ ತಡೆಯುತ್ತದೆ? ಕೇಬಲ್ ಒಳ್ಳೆಯದೋ ವೈರ್‌ಲೆಸ್ ಪ್ಯಾಡೋ? ಸಾಕೆಟ್ ಖಾಲಿ ಬಿಟ್ಟು, ಫ್ಯೂಸ್ ಬಾಕ್ಸ್‌ನಿಂದಲೇ ಕರೆಂಟ್ ತೆಗೆಯಬಹುದಾ?

---

ಮರಗೆಲಸ:

3ಡಿ ಪ್ರಿಂಟರ್ ಇಲ್ಲದಿದ್ದರೆ ನಷ್ಟವೇನಿಲ್ಲ. ಹೆಚ್ಚಿನವರು ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿಸುತ್ತಾರೆ. ಅದು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಸಿಲು ನೇರ ಬೀಳುವ ಜಾಗ ಆ ಬಿಸಿ ಮುಟ್ಟುತ್ತದೆ. ಪ್ರಿಂಟ್ ಮಾಡಿಸಲೇಬೇಕೆಂದರೆ ಹೆಚ್ಚು ಬಿಸಿ ತಡೆಯುವ ಪ್ಲಾಸ್ಟಿಕ್ಕುಗಳಾದ ಎಬಿಎಸ್ ಅಥವಾ ಎಎಸ್‌ಎ ಕೇಳಿ. ನಿಮ್ಮ ಹತ್ತಿರ ಇರುವ ಸಾಮಾನಿಗೆ 6 ಮಿ.ಮೀ. ಪ್ಲೈವುಡ್ಡೇ ಸರಿ, ಬಿಸಿಲಿಗೆ ಬಾಗುವುದಿಲ್ಲ, ಸ್ಕ್ರೂ ಹಿಡಿಯುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ, ನೀರು ಚೆಲ್ಲಿದರೆ ಉಬ್ಬುತ್ತದೆ.

ಕಾಲಿಗೆ 63 ಮಿ.ಮೀ. ಪಿವಿಸಿ ನೀರಿನ ಪೈಪು. ಉದ್ದ 100 ಮಿ.ಮೀ. ಸಾಕು: 65 ಒಳಗೆ, 35 ಮೇಲೆ. ಪೈಪಿನ ತಳಕ್ಕೆ 2 ಮಿ.ಮೀ. ಇವಿಎ ಫೋಮ್ ಒಂದು ಸುತ್ತು, ಬಾಯಿಯ ಮಟ್ಟದಲ್ಲಿ 3 ಮಿ.ಮೀ. ಫೋಮ್ ಎರಡು ಸುತ್ತು. ಲೆಕ್ಕಕ್ಕಿಂತ ಅರ್ಧ ಮಿ.ಮೀ. ಹೆಚ್ಚೇ ಇರಲಿ, ಒತ್ತಿ ಕೂರಿಸಿದಾಗ ಫೋಮ್ ಕುಗ್ಗಿ ಹಿಡಿದುಕೊಳ್ಳುತ್ತದೆ. ಬರೀ ಮೇಲ್ಗಡೆ ಮಾತ್ರ ಸುತ್ತಿದರೆ ತಳ ಆಡುತ್ತದೆ, ಹಂಪ್ ಹಾರಿದಾಗಲೆಲ್ಲ ಫೋನ್ ತಲೆ ಅಲ್ಲಾಡಿಸುತ್ತದೆ. ಪೈಪಿನೊಳಗೆ ಕಬ್ಬಿಣದ ನಟ್ಟುಗಳನ್ನು ಸುಮಾರು 300 ಗ್ರಾಂ ತುಂಬಿ ಎಪಾಕ್ಸಿ ಸುರಿದರೆ ಬುಡ ಭಾರವಾಗುತ್ತದೆ. ಕೇಬಲ್ ಇಳಿಯಲು ಪೈಪಿನ ಮೇಲಿನ 35 ಮಿ.ಮೀ. ಭಾಗದ ಹಿಂಬದಿಯಲ್ಲಿ 10 ಮಿ.ಮೀ. ಅಗಲದ ಸೀಳು ಮೊದಲೇ ಕೊಯ್ದಿಡಿ.

ಫೋನ್ ಕೂರುವ ಮೇಲಿನ ತೊಟ್ಟಿಲಿಗೆ ಬೆನ್ನಹಲಗೆ 97 × 120 ಮಿ.ಮೀ. ಫೋನಿನ ಎತ್ತರದ ಮೂರರಲ್ಲಿ ಎರಡು ಪಾಲಾದರೂ ಬೆನ್ನಿಗೆ ಆಸರೆ ಇರಬೇಕು, ಅದಕ್ಕೇ 120. ಅದರ ಮುಂಭಾಗದ ಬುಡಕ್ಕೆ 97 × 21ರ ಮೆಟ್ಟಿಲು. 12 ಮಿ.ಮೀ. ಫೋನು, ಹಿಂದೆ ಮುಂದೆ ಒಂದೊಂದು ಮಿ.ಮೀ. ಫೆಲ್ಟ್, ಒಂದು ಮಿ.ಮೀ. ಸಡಿಲ, ಹೀಗೆ 15 ಆಯಿತು. ಉಳಿದ 6ರ ಮೇಲೆ ಮುಂದಿನ ತಡೆ ನಿಲ್ಲುತ್ತದೆ. ತಡೆಯ ಎತ್ತರ 12 ಮಿ.ಮೀ. ಮೀರದಿರಲಿ, ನಡುವೆ 25 ಮಿ.ಮೀ. ಖಾಲಿ ಬಿಟ್ಟು ಎರಡು ತುಂಡಾಗಿ ಹಾಕಿ. ಇಲ್ಲದಿದ್ದರೆ ಪರದೆಯ ಕೆಳಗಿನ ಬಟನ್‌ಗಳು ಮುಚ್ಚಿಹೋಗುತ್ತವೆ. ಪಕ್ಕದ ಕೆನ್ನೆಗಳು 20 ಮಿ.ಮೀ. ಎತ್ತರ, ಒಳ ಅಂತರ 85.

ಇಡೀ ಕೆಲಸ ನಿಂತಿರುವುದು ಪ್ಲಗ್ ಕೂರುವ ಜಾಗದ ಮೇಲೆ. ಮೆಟ್ಟಿಲಿನಲ್ಲಿ 14 × 8 ಮಿ.ಮೀ. ಕಿಂಡಿ, ಅದರ ನಡುಗೆರೆ ಬೆನ್ನಹಲಗೆಯಿಂದ 7 ಮಿ.ಮೀ.: ಫೆಲ್ಟ್ 1, ಕವರ್ 2, ಫೋನಿನ ಅರ್ಧ ದಪ್ಪ 4. ಲೆಕ್ಕ ನಂಬಿ ಕೊರೆಯಬೇಡಿ. ಫೋನಿನ ಬುಡಕ್ಕೆ ಕಾಗದ ಒತ್ತಿ ಪೋರ್ಟಿನ ಗುರುತು ತೆಗೆದು, ಆ ಕಾಗದವನ್ನೇ ಮೆಟ್ಟಿಲಿಗೆ ಅಂಟಿಸಿ ಕೊರೆಯಿರಿ. ಎಷ್ಟೋ ಫೋನುಗಳಲ್ಲಿ ಪೋರ್ಟ್ ದಪ್ಪದ ನಟ್ಟನಡುವೆ ಇರುವುದಿಲ್ಲ.

ಪ್ಲಗ್ಗಿನ ಪ್ಲಾಸ್ಟಿಕ್ ಭುಜ ಮೆಟ್ಟಿಲಿನಿಂದ ಎರಡೂವರೆ ಮಿ.ಮೀ. ಮೇಲೆ ಬರಲಿ. ಫೆಲ್ಟ್ 1, ಕವರ್ 2 ಸೇರಿ 3 ಆಗುತ್ತದೆ, ಅದಕ್ಕಿಂತ ಅರ್ಧ ಕಡಿಮೆ. ಹಾಗಿದ್ದರೆ ಫೋನಿನ ಭಾರ ಫೆಲ್ಟಿನ ಮೇಲೆ ಬೀಳುತ್ತದೆ. ಭುಜ 3ಕ್ಕಿಂತ ಮೇಲೆ ಬಂದರೆ 225 ಗ್ರಾಂ ಫೋನು ಪೋರ್ಟಿನ ಮೇಲೇ ಕೂರುತ್ತದೆ, ರಸ್ತೆಯ ಒಂದೊಂದು ಗುಂಡಿಗೂ ಒಳಗಿನ ಸೋಲ್ಡರ್‌ಗೆ ಪೆಟ್ಟು. ಫೋನ್ ಕೆಡುವುದು ಹೀಗೆಯೇ.

ಪ್ಲಗ್ಗನ್ನು ಎಪಾಕ್ಸಿ ಹಾಕಿ ಕಲ್ಲಿನಂತೆ ಕೂರಿಸಬೇಡಿ, ಕೂದಲೆಳೆಯಷ್ಟು ಆಡಬೇಕು. ಹಾಟ್ ಗ್ಲೂ ಬಿಸಿಲಿಗೆ ಸಡಿಲಾಗುತ್ತದೆ. ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಸರಿಯಾದದ್ದು. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಫೋನಿನ ಬುಡಕ್ಕೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿ, ಪ್ಲಗ್ ಹಾಕಿ, ಫೋನನ್ನು ತೊಟ್ಟಿಲಲ್ಲಿ ಕೂರಿಸಿಯೇ ಕೆಳಗಿನಿಂದ ಸಿಲಿಕೋನ್ ತುಂಬಿ. ಒಂದು ದಿನ ಮುಟ್ಟಬೇಡಿ. ಆಗ ಪ್ಲಗ್ ತನ್ನ ಜಾಗವನ್ನು ತಾನೇ ಕಂಡುಕೊಂಡಿರುತ್ತದೆ.

ಕೇಬಲ್ ತುದಿ ಎಲ್ ಆಕಾರದ್ದಿರಲಿ. ನೇರ ಪ್ಲಗ್ಗಾದರೆ ಬಾಗಲು ಕೆಳಗೆ 50 ಮಿ.ಮೀ. ಜಾಗ ಬೇಕಾಗುತ್ತದೆ, ಎಲ್ ಆದರೆ 15–20 ಸಾಕು. ಪೈಪಿನ ಬಾಯಿಗೆ ಪ್ಲೈವುಡ್ ಬಿಲ್ಲೆ ಕೂರಿಸಿ, ಅದರ ಮೇಲೆ 20 ಡಿಗ್ರಿ ಓರೆ ಕೊಯ್ದ ಎರಡು ಮರದ ಬೆಣೆ, ಅವುಗಳ ನಡುವೆ ಕೇಬಲ್ ಹಾದಿ, ಮೇಲೆ ತೊಟ್ಟಿಲು. ಸ್ಕ್ರೂ, ಎಪಾಕ್ಸಿ ಎರಡೂ ಹಾಕಿ. ಹೊರಗೆ ರೆಕ್ಸಿನ್ ಹೊದಿಸಿದರೆ ಕನ್ಸೋಲಿಗೆ ಹೊಂದುತ್ತದೆ.

---

ಹನ್ನೆರಡುವೋಲ್ಟ್:

ಫ್ಯೂಸ್ ಬಾಕ್ಸ್ ಪ್ರಶ್ನೆಗೆ: ಆಗುತ್ತದೆ, ಆದರೆ ಸಾಕೆಟ್ ಚಾರ್ಜರ್ ಸಾಕಾಗುವಾಗ ಅದರ ಗೊಡವೆ ಯಾಕೆ? ಒಳ್ಳೆಯ ಪಿಡಿ (ಪವರ್ ಡೆಲಿವರಿ, ಟೈಪ್-ಸಿ ವೇಗದ ಚಾರ್ಜಿಂಗ್ ಪದ್ಧತಿ) ಚಾರ್ಜರ್ ಒಳಗೆ ವೋಲ್ಟೇಜ್ ಇಳಿಸುವುದು, ರಕ್ಷಣೆ, ಎಷ್ಟು ವೋಲ್ಟ್ ಬೇಕೆಂದು ಫೋನಿನ ಜೊತೆ ಮಾತುಕತೆ ಎಲ್ಲ ಆಗಿರುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ ಎಲ್ಎಂ2596 ಚಿಪ್ಪಿನ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ) ಬೋರ್ಡ್ ತಂದು 5 ವೋಲ್ಟ್‌ಗೆ ತಿರುಗಿಸಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಎಂಜಿನ್ ಓಡುವಾಗ ಕಾರಿನ ಲೈನ್ 12 ಅಲ್ಲ, ಸುಮಾರು 14 ವೋಲ್ಟ್. ಆಲ್ಟರ್ನೇಟರ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚಿದರೆ ಕ್ಷಣಕಾಲ 40 ವೋಲ್ಟ್ ದಾಟಬಹುದು. ಆ ಚಿಪ್ಪಿನ ಮಿತಿಯೇ 40. ಅದರೊಳಗಿನ ಸ್ವಿಚ್ ಸುಟ್ಟು ಶಾರ್ಟ್ ಆದರೆ ಅಷ್ಟೂ ವೋಲ್ಟೇಜ್ ನೇರ ಫೋನಿಗೆ.

ವೈರ್ ಅಡಗಿಸಲೇಬೇಕೆಂದರೆ ಹಳೆಯ ಫ್ಯೂಸಿನ ಜೊತೆ ಇನ್ನೊಂದು ಫ್ಯೂಸ್ ಹಿಡಿದು ಹೊಸ ಲೈನ್ ಕೊಡುವ ಫ್ಯೂಸ್ ಟ್ಯಾಪ್ ತಂದು, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಎಸಿಸಿ ಫ್ಯೂಸಿನ ಜಾಗದಲ್ಲಿ ಹಾಕಿ, ಅದಕ್ಕೆ ಹೆಚ್ಚುವರಿ 12 ವೋಲ್ಟ್ ಸಾಕೆಟ್ ಜೋಡಿಸಿ ಡ್ಯಾಶ್‌ಬೋರ್ಡ್ ಕೆಳಗೆ ಕಟ್ಟಿ. ಅದರಲ್ಲಿ ಮಾಮೂಲಿ ಚಾರ್ಜರ್. 20 ವಾಟ್ ಚಾರ್ಜರ್ ತನ್ನ ನಷ್ಟ ಸೇರಿ 2 ಆಂಪಿಯರ್ ಎಳೆಯುತ್ತದೆ, 3 ಆಂಪಿಯರ್ ಫ್ಯೂಸ್, 0.75 ಚದರ ಮಿ.ಮೀ. ತಂತಿ ಸಾಕು. ಟ್ಯಾಪ್ ತಿರುಗುಮುರುಗಾಗಿ ಕೂತರೆ ಹೊಸ ಲೋಡ್ ಹಳೆಯ ಫ್ಯೂಸನ್ನೂ ಹಾದು ಹೋಗುತ್ತದೆ. ಪರೀಕ್ಷೆ ಸುಲಭ: ಹಳೆಯ ಫ್ಯೂಸ್ ತೆಗೆದಾಗಲೂ ಹೊಸ ಸಾಕೆಟ್‌ಗೆ ಕರೆಂಟ್ ಬರಬೇಕು. ಅರ್ಥಿಂಗನ್ನು ಗಾಡಿಯ ಲೋಹದ ಮೈಗೆ ಬಿಗಿದ, ಪೇಂಟ್ ಕೆರೆದ ಬೋಲ್ಟಿಗೆ ಕೊಡಿ. ಹಳದಿ ಹೊದಿಕೆಯ ತಂತಿ, ಹಳದಿ ಕನೆಕ್ಟರ್ ಕಂಡರೆ ಕೈ ಹಿಂತೆಗೆಯಿರಿ, ಅದು ಏರ್‌ಬ್ಯಾಗಿನದು.

---

ತಾಮ್ರದತಂತಿ:

ವೈರ್‌ಲೆಸ್ ಬಗ್ಗೆ. ಪ್ಯಾಡಿನೊಳಗಿನ ತಂತಿ ಸುರುಳಿಯ ಮೇಲೆ ಫೋನಿನೊಳಗಿನ ಸುರುಳಿ ಸರಿಯಾಗಿ ಬಿದ್ದರೆ ಮಾತ್ರ ಅದು ಕೆಲಸ. ಸುಮ್ಮನೆ ಒರಗಿಸಿದ ಫೋನ್ ಒಂದು ಹಂಪಿಗೆ 5 ಮಿ.ಮೀ. ಸರಿದರೂ ಚಾರ್ಜಿಂಗ್ ಕುಂಟುತ್ತದೆ, ವ್ಯರ್ಥವಾದ ಶಕ್ತಿ ಶಾಖವಾಗುತ್ತದೆ. ಕಾರೊಳಗೆ ಮೊದಲೇ ಬಿಸಿ. ಬ್ಯಾಟರಿ ಕಾದಾಗ ಫೋನ್ ತಾನೇ ಚಾರ್ಜಿಂಗ್ ನಿಧಾನಿಸುತ್ತದೆ ಅಥವಾ ನಿಲ್ಲಿಸುತ್ತದೆ. 2023ರಲ್ಲಿ ಬಂದ ಕ್ಯೂಐ2 ಎಂಬ ವೈರ್‌ಲೆಸ್ ಚಾರ್ಜಿಂಗ್ ಮಾನದಂಡದ ಆಯಸ್ಕಾಂತದ ಉಂಗುರವಿರುವ ಫೋನಾದರೆ ಮಾತು ಬೇರೆ, ಅದು ತಾನೇ ನಡುವಿಗೆ ಎಳೆದುಕೊಳ್ಳುತ್ತದೆ. ಉಳಿದವರಿಗೆ ಕೇಬಲ್ಲೇ ವಾಸಿ. ಹಳೆಯ ಮ್ಯಾಗ್ನೆಟ್ ಹೋಲ್ಡರಿನ ಕಬ್ಬಿಣದ ತಗಡು ಕವರಿನೊಳಗೆ ಉಳಿದಿದ್ದರೆ ಪ್ಯಾಡ್ ಚಾರ್ಜ್ ಮಾಡುವುದೇ ಇಲ್ಲ, ತಗಡು ಸುಡುತ್ತದೆ.

ಬೆನ್ನಹಲಗೆಯ ನಡುವೆ 50 ಮಿ.ಮೀ. ಅಗಲದ ದೊಡ್ಡ ತೂತು ಕೊಯ್ಯಿರಿ. ಎಸಿ ಗಾಳಿ ಫೋನಿನ ಬೆನ್ನಿಗೆ ತಾಗಲಿ.

---

ಘಟ್ಟದದಾರಿ:

ಕೊರೆಯುವ ಮೊದಲು ರಟ್ಟಿನಲ್ಲಿ ಮಾದರಿ ಮಾಡಿ ಕೂರಿಸಿ ನೋಡಿ. 1, 3, 5ನೇ ಗೇರಿಗೆ ಲಿವರ್ ಮುಂದೆ ಹೋಗುತ್ತದೆ. ನಾಬ್ ಹಿಡಿದ ಬೆರಳಿಗೂ ಫೋನಿಗೂ 40 ಮಿ.ಮೀ. ಅಂತರ ಉಳಿಯಬೇಕು. ಹಜಾರ್ಡ್ ಲೈಟಿನ ಸ್ವಿಚ್ ಮುಚ್ಚಿದರೆ ಆ ವಿನ್ಯಾಸ ಬೇಡವೇ ಬೇಡ.

ಇನ್ನೊಂದು ಮಾತು, ಇದು ಮುಖ್ಯ. ಕನ್ಸೋಲಿನಲ್ಲಿರುವ ಫೋನ್ ಚಾರ್ಜಿಗೆ, ಹಾಡಿಗೆ, ದನಿಯಲ್ಲಿ ದಾರಿ ಕೇಳುವುದಕ್ಕೆ ಸರಿ. ಮ್ಯಾಪ್ ನೋಡುವುದಕ್ಕಲ್ಲ. ಕಣ್ಣು ಅಷ್ಟು ಕೆಳಗಿಳಿದು 2 ಸೆಕೆಂಡ್ ಕಳೆದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ 33 ಮೀಟರ್ ಹೋಗಿರುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿ ಕೂಡ ಫೋನನ್ನು ದಾರಿ ನೋಡಲು ಮಾತ್ರ, ಅದೂ ಚಾಲಕನ ಏಕಾಗ್ರತೆ ಕೆಡದಂತೆ ಬಳಸಬಹುದು ಎನ್ನುತ್ತದೆ. ಹೊರಡುವ ಮೊದಲೇ ದಾರಿ ಹಾಕಿ, ವಾಲ್ಯೂಮ್ ಏರಿಸಿಡಿ.

---

ಹೊಸಚಕ್ರ:

ತುಂಬ ಉಪಕಾರ. ಪ್ಲೈವುಡ್, ಕೇಬಲ್, ಸಾಕೆಟ್ ಚಾರ್ಜರ್ ಎಂದು ತೀರ್ಮಾನಿಸಿದೆ. ಮನೆಯಲ್ಲಿ 5 ವೋಲ್ಟ್, 2.4 ಆಂಪಿಯರಿನ ಹಳೆಯ ಕಾರ್ ಚಾರ್ಜರ್, 2 ಮೀಟರಿನ ತೆಳು ಕೇಬಲ್ ಇವೆ. ಅವೇ ನಡೆಯುತ್ತವಾ? ಉಳಿದ ಕೇಬಲ್ ಸುತ್ತಿ ಪೈಪಿನೊಳಗೆ ತುರುಕುವ ಯೋಚನೆ.

---

ಹನ್ನೆರಡುವೋಲ್ಟ್:

ಚಾರ್ಜರ್ ನಡೆಯುತ್ತದೆ, ನಿಧಾನ ಅಷ್ಟೆ. ಕೇಬಲ್ ನಡೆಯುವುದಿಲ್ಲ. ತೆಳು ಕೇಬಲ್‌ಗಳಲ್ಲಿ ಸಾಮಾನ್ಯವಾಗಿ 28 ಗೇಜಿನ ತಂತಿ ಇರುತ್ತದೆ, ಮೀಟರಿಗೆ 0.21 ಓಮ್. 2 ಮೀಟರ್ ಹೋಗಿ 2 ಮೀಟರ್ ಬಂದರೆ 0.84 ಓಮ್. ಒಂದೂವರೆ ಆಂಪಿಯರ್ ಹರಿದರೆ ಕೇಬಲ್ಲಿನಲ್ಲೇ 1.26 ವೋಲ್ಟ್ ಕರಗಿ ಫೋನಿಗೆ 3.74 ಉಳಿಯುತ್ತದೆ. ಅಷ್ಟಕ್ಕೆ ಚಾರ್ಜ್ ಆಗುವುದಿಲ್ಲವಾದ್ದರಿಂದ ಫೋನ್ ಕರೆಂಟನ್ನೇ ತಗ್ಗಿಸಿಕೊಳ್ಳುತ್ತದೆ. ಮ್ಯಾಪ್, ಬ್ಲೂಟೂತ್ ಎರಡೂ ಓಡುತ್ತಿದ್ದರೆ ಚಾರ್ಜ್ ಏರುವ ಬದಲು ಇಳಿಯಲೂಬಹುದು. ಪಿಡಿ ಇದೇ ಶಕ್ತಿಯನ್ನು 9 ವೋಲ್ಟಿನಲ್ಲಿ ಕಳಿಸುವುದರಿಂದ ಕರೆಂಟ್ ಕಡಿಮೆ, ಕೇಬಲ್ಲಿನ ನಷ್ಟವೂ ಕಡಿಮೆ.

ಅರ್ಧ ಮೀಟರಿನ, 3 ಆಂಪಿಯರ್ 60 ವಾಟ್ ಎಂದು ಬರೆದಿರುವ ಟೈಪ್-ಸಿ ಕೇಬಲ್ ತನ್ನಿ. ಪೈಪಿನೊಳಗೆ ಬಿಗಿಯಾಗಿ ಸುರುಳಿ ತುರುಕಬೇಡಿ, ಮಡಿಕೆಯಲ್ಲಿ ಎಳೆಗಳು ತುಂಡಾಗುತ್ತವೆ.

---

ಮರಗೆಲಸ:

ಅದೇ ಕಾರಣಕ್ಕೆ ಸಿಲಿಕೋನನ್ನು ಪ್ಲಗ್ಗಿನ ಸುತ್ತ ಮಾತ್ರ ಹಾಕಿ, ಕೇಬಲ್ಲಿಗೆ ತಾಗಿಸಬೇಡಿ. ಕೇಬಲ್ ಸತ್ತ ದಿನ ಬ್ಲೇಡಿನಿಂದ ಸಿಲಿಕೋನ್ ಸುತ್ತ ಕೊಯ್ದು ಹೊಸದು ಕೂರಿಸಬಹುದು. ಸೀಳಿನ ಹತ್ತಿರ ಕೇಬಲ್ಲಿಗೆ ಒಂದು ಜಿಪ್ ಟೈ ಕಟ್ಟಿ, ಯಾರಾದರೂ ಎಳೆದರೆ ಎಳೆತ ಪೈಪಿನ ಮೇಲೆ ಬೀಳಲಿ, ಪ್ಲಗ್ಗಿನ ಮೇಲಲ್ಲ.