ವೇಮನ ಜಯಂತಿಗೆ ತೆಲುಗಿನ ‘ಯೋಗಿ ವೇಮನ’ ತೋರಿಸಬೇಕು, ತೆಲುಗು ಬಾರದವರಿಗೆ ಮುಟ್ಟಿಸೋದು ಹೇಗೆ?

ಪ್ರಶ್ನೆ (ತುಮಕೂರು)

ಜನವರಿ 19ರ ವೇಮನ ಜಯಂತಿಗೆ ನಮ್ಮ ಓದುಗರ ಬಳಗದಲ್ಲಿ 1947ರ ತೆಲುಗು ಚಿತ್ರ ‘ಯೋಗಿ ವೇಮನ’ ಹಾಕೋಣ ಅಂತ ತೀರ್ಮಾನ ಆಗಿದೆ. ಕೆ.ವಿ. ರೆಡ್ಡಿ ಅವರ ನಿರ್ದೇಶನ, ವೇಮನನ ಪಾತ್ರದಲ್ಲಿ ಚಿತ್ತೂರು ವಿ. ನಾಗಯ್ಯ. ಸುಮಾರು 40 ಜನ ಸೇರ್ತಾರೆ, ಅರ್ಧದಷ್ಟು ಜನಕ್ಕೆ ತೆಲುಗು ಬರಲ್ಲ. ಕೈಯಲ್ಲಿರೋ ಫೈಲಿಗೆ ಸಬ್‌ಟೈಟಲ್ ಇಲ್ಲ. ಸಣ್ಣ ಹಾಲ್, ಬಾಡಿಗೆ ಪ್ರೊಜೆಕ್ಟರ್, ಎರಡು ಸ್ಪೀಕರ್. ಪದ್ಯಗಳನ್ನ ಏನು ಮಾಡೋದು, ಚಿತ್ರ ಮತ್ತು ಧ್ವನಿ ಹೇಗೆ ಹೊಂದಿಸೋದು, ಶುರುವಿಗೆ ಮುಂಚೆ ಏನು ಹೇಳಬೇಕು? ಇಂಥ ಪ್ರದರ್ಶನ ನಡೆಸಿ ಗೊತ್ತಿರೋರು ತಿಳಿಸಿ.

ಬಳ್ಳಾರಿಯಿಂದ

ಮೊದಲು ಪದ್ಯದ ವಿಷಯ ಇತ್ಯರ್ಥ ಮಾಡ್ಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ಈ ಚಿತ್ರದ ಜೀವ ಇರೋದು ನಾಗಯ್ಯನವರು ಪದ್ಯ ಹೇಳೋ ರೀತಿಯಲ್ಲಿ. ಮಾತಿಗೆ ಹಾಕಿದ ಹಾಗೆ ಪದ್ಯಕ್ಕೂ ಸಾಲು ಸಾಲಾಗಿ ಅರ್ಥ ಹಾಕ್ತಾ ಹೋದರೆ ಜನ ತೆರೆಯ ಕೆಳಗಡೆ ಓದ್ತಾ ಕೂರ್ತಾರೆ, ಕಿವಿ ಮುಚ್ಚಿಹೋಗುತ್ತೆ.

ವೇಮನನ ಪದ್ಯಗಳಲ್ಲಿ ಬಹುಪಾಲು ‘ಆಟವೆಲದಿ’ ಛಂದಸ್ಸಿನವು. ನಾಲ್ಕು ಸಾಲು. ಸಾಲನ್ನ ‘ಗಣ’ ಅನ್ನೋ ಸಣ್ಣ ಅಕ್ಷರಗುಂಪುಗಳಾಗಿ ಒಡೀತಾರೆ. 1 ಮತ್ತು 3ನೇ ಸಾಲಲ್ಲಿ ಮೂರು ಸೂರ್ಯಗಣ, ಎರಡು ಇಂದ್ರಗಣ. 2 ಮತ್ತು 4ರಲ್ಲಿ ಐದೂ ಸೂರ್ಯಗಣ. ಸರ್ವಜ್ಞನ ತ್ರಿಪದಿ ಗೊತ್ತಿರೋರಿಗೆ ಇದು ಹೊಸದೇನಲ್ಲ: ನಾವು ಬ್ರಹ್ಮಗಣ, ವಿಷ್ಣುಗಣ ಅನ್ನೋದನ್ನೇ ತೆಲುಗರು ಸೂರ್ಯ, ಇಂದ್ರ ಅಂತಾರೆ, ಅವರ ಪಟ್ಟಿಯಲ್ಲಿ ವಿಧಗಳು ಸ್ವಲ್ಪ ಕಡಿಮೆ. ತೆಲುಗು ಶಾಲಾ ಮಕ್ಕಳಿಗೆಲ್ಲ ಬಾಯಿಪಾಠ ಇರೋ ಪದ್ಯ ತಗೊಳ್ಳಿ:

ಉಪ್ಪು ಕಪ್ಪುರಂಬು ನೊಕ್ಕ ಪೋಲಿಕನುಂಡು
ಚೂಡ ಚೂಡ ರುಚುಲ ಜಾಡ ವೇರು
ಪುರುಷುಲಂದು ಪುಣ್ಯ ಪುರುಷುಲು ವೇರಯಾ
ವಿಶ್ವದಾಭಿರಾಮ ವಿನುರ ವೇಮ

ಉಪ್ಪು | ಕಪ್ಪು | ರಂಬು ಇವು ಮೂರು ಸೂರ್ಯ, ನೊಕ್ಕಪೋ | ಲಿಕನುಂಡು ಎರಡು ಇಂದ್ರ. ಎರಡನೇ ಸಾಲಲ್ಲಿ ಚೂಡ | ಚೂಡ | ರುಚುಲ | ಜಾಡ | ವೇರು, ಐದೂ ಸೂರ್ಯ. ನಾಲ್ಕನೇ ಗಣದ ಮೊದಲಕ್ಷರ ಸಾಲಿನ ಮೊದಲಕ್ಷರಕ್ಕೆ ಹೊಂದಬೇಕು, ಅದನ್ನ ‘ಯತಿ’ ಅಂತಾರೆ. ಇಲ್ಲಿ ಚೂ–ಜಾ, ಮುಂದಿನ ಸಾಲಲ್ಲಿ ಪು–ಪು, ಕೊನೆಯಲ್ಲಿ ವಿ–ವಿ. ಪದ್ಯ ಕೇಳುವಾಗ ಕಿವಿ ಹಿಡಿಯೋದು ಈ ಮರುದನಿಯನ್ನೇ, ಹಾಗಾಗಿ ಪದ್ಯದ ಮೂಲಪಾಠ ಜನರ ಕಣ್ಣಿಗೆ ಬೀಳಲೇಬೇಕು.

ಸಬ್‌ಟೈಟಲ್ ಕೂರಿಸೋದು ಹೀಗೆ. ಅರ್ಥ ಪೂರ್ತಿಯಾಗೋದು ಮೂರನೇ ಸಾಲಿನ ಕೊನೆಗೆ, ‘ವೇರಯಾ’ ಅಂದಾಗ. ನಾಲ್ಕನೇ ಸಾಲು ಬರೀ ಅಂಕಿತ. ಮೊದಲ ಮೂರು ಸಾಲು ಹಾಡುವಾಗ ಮೂಲವನ್ನೇ ಕನ್ನಡ ಲಿಪಿಯಲ್ಲಿ, ಒಂದೊಂದೇ ಸಾಲಾಗಿ ತೋರಿಸಿ. ಅಂಕಿತ ಶುರುವಾದ ಕೂಡಲೇ ಒಟ್ಟು ಅರ್ಥವನ್ನ ಎರಡು ಸಾಲಲ್ಲಿ ಕೊಡಿ: ‘ನೋಟಕ್ಕೆ ಉಪ್ಪು, ಕರ್ಪೂರ ಒಂದೇ, ರುಚಿ ಬೇರೆ. / ಮನುಷ್ಯರೊಳಗೆ ಪುಣ್ಯವಂತರೇ ಬೇರೆ.’ ರಾಗ ಎಳೆದು ಅಂಕಿತ ಮುಗಿಸೋ ಹೊತ್ತಿಗೆ ಓದಿ ಆಗಿರುತ್ತೆ. ಅರ್ಥವನ್ನ ಮೊದಲನೇ ಸಾಲಿಗೇ ಹಾಕಿಬಿಟ್ರೆ, ಮೂರನೇ ಸಾಲಲ್ಲಿ ಬೀಳಬೇಕಾದ ಪೆಟ್ಟು ಮೊದಲೇ ಬಿದ್ದುಹೋಗುತ್ತೆ.

‘ವಿಶ್ವದಾಭಿರಾಮ ವಿನುರ ವೇಮ’ ಅನ್ನೋದನ್ನ ಪ್ರತಿಸಲ ಅನುವಾದ ಮಾಡಬೇಡಿ. ಮುನ್ನುಡಿಯಲ್ಲಿ ಒಂದು ಸಲ ಹೇಳಿದ್ರೆ ಸಾಕು. ವಿನುರ ಅಂದ್ರೆ ‘ಕೇಳೋ’. ಅಭಿರಾಮ ಅನ್ನೋನು ವೇಮನನ ಅಕ್ಕಸಾಲಿಗ ಗೆಳೆಯ, ಅವನ ಹೆಸರನ್ನ ಅಂಕಿತದಲ್ಲಿ ಉಳಿಸಿದ ಅನ್ನೋದು ಐತಿಹ್ಯ. ಚಿತ್ರದಲ್ಲೂ ಆ ಪಾತ್ರ ಇದೆ, ಮುದಿಗೊಂಡ ಲಿಂಗಮೂರ್ತಿ ಮಾಡಿದ್ದಾರೆ. ಜನಕ್ಕೆ ಇದು ಮೊದಲೇ ಗೊತ್ತಿದ್ರೆ ಅಂಕಿತ ಬಂದಾಗಲೆಲ್ಲ ಆ ಗೆಳೆಯನೂ ನೆನಪಾಗ್ತಾನೆ.

ಪಾವಗಡದಿಂದ

ಬಳ್ಳಾರಿಯವರು ಹೇಳಿದ್ದು ಸರಿ. ಮಾತಿನ ಭಾಗಕ್ಕೆ ಒಂದಿಷ್ಟು ಸೇರಿಸ್ತೀನಿ. ಕನ್ನಡದೋರಿಗೆ ಹಳೇ ತೆಲುಗು ಅಂದುಕೊಂಡಷ್ಟು ದೂರ ಇಲ್ಲ. ಒಂದು ಪುಟದ ಪಟ್ಟಿ ಮಾಡಿ ಬಾಗಿಲಲ್ಲೇ ಕೊಡಿ. ಮೊದಲಿಗೆ ಈ ಸೂತ್ರ: ನಮ್ಮ ‘ಹ’ ಇರೋ ಕಡೆ ಬಹಳಷ್ಟು ಸಲ ಅಲ್ಲಿ ‘ಪ’ (ಪೋಲಿಕ–ಹೋಲಿಕೆ, ಪಾಲು–ಹಾಲು, ಪುಲಿ–ಹುಲಿ), ನಮ್ಮ ‘ಬ’ ಇರೋ ಕಡೆ ಅಲ್ಲಿ ‘ವ’ (ವೇರು–ಬೇರೆ). ಇಷ್ಟು ಗೊತ್ತಿದ್ರೆ ಪದ್ಯದಲ್ಲಿ ನಾಲ್ಕಾರು ಮಾತು ತಾವಾಗಿ ತೆರ್ಕೊಳ್ತವೆ.

ಮೋಸ ಮಾಡೋ ಪದಗಳು ಬೇರೆ ಇವೆ, ಅನುವಾದ ಮಾಡೋರು ಎಡವೋದು ಅಲ್ಲೇ. ತೆಲುಗಿನ ‘ಮಾಟ’ ನಮ್ಮ ಮಾತು, ಮಾಟ–ಮಂತ್ರದ ಮಾಟ ಅಲ್ಲ. ‘ಚಾಲು’ ಅಂದ್ರೆ ಸಾಕು. ‘ತೇಲು’ ಅಂದ್ರೆ ಚೇಳು. ‘ಅನ್ನ’ ಅಂದ್ರೆ ಅಣ್ಣ, ಉಣ್ಣೋದಕ್ಕೆ ‘ಅನ್ನಂ’. ‘ಅವ್ವ’ ಅಂದ್ರೆ ಅಜ್ಜಿ, ಉತ್ತರ ಕರ್ನಾಟಕದೋರಿಗೆ ಇದನ್ನ ಮುಂಚೆಯೇ ಹೇಳಿಬಿಡಿ. ‘ವದಿನ’ ಅಂದ್ರೆ ಅತ್ತಿಗೆ. ಈ ಕೊನೇ ಪದ ತಪ್ಪಿದ್ರೆ ಕತೆಯೇ ತಪ್ಪುತ್ತೆ, ಯಾಕಂದ್ರೆ ವೇಮನನ ಮನೆಯ ಕತೆ ನಿಂತಿರೋದೇ ಅಣ್ಣ, ಅತ್ತಿಗೆ, ಅವರ ಮಗಳು ಜ್ಯೋತಿ ಈ ಮೂವರ ಮೇಲೆ.

ಇನ್ನು ‘ರಾ’. ತೆಲುಗಿನಲ್ಲಿ ಸಲಿಗೆಯ ‘ರಾ’ ಗೆಳೆಯನಿಗೂ ಹೇಳ್ತಾರೆ, ದೇವರಿಗೂ ಹೇಳ್ತಾರೆ. ಅದನ್ನ ‘ಕೇಳಿರಿ’ ಅಂತ ಬಹುವಚನ ಮಾಡಿದ್ರೆ ವೇಮನನ ಖಡಕ್ಕು ಹೋಗುತ್ತೆ. ‘ಕೇಳೋ’, ‘ಬಾರೋ’ ಅಂತಲೇ ಇಡಿ.

ಮೈಸೂರಿನಿಂದ

ಸಬ್‌ಟೈಟಲ್‌ನ ಯಾಂತ್ರಿಕ ಕೆಲಸದ ಬಗ್ಗೆ. ‘ಸಬ್‌ಟೈಟಲ್ ಎಡಿಟ್’ ಅಥವಾ ‘ಏಜಿಸಬ್’, ಎರಡೂ ಉಚಿತ ತಂತ್ರಾಂಶ, ಯಾವುದಾದರೂ ಆಗುತ್ತೆ. ನುಡಿ ಅಥವಾ ಬರಹದಲ್ಲಿ ಟೈಪ್ ಮಾಡೋದಾದ್ರೆ ಯೂನಿಕೋಡ್ ಆಯ್ಕೆ ಆಗಿದೆಯಾ ನೋಡ್ಕೊಳ್ಳಿ. ಹಳೇ ಆಸ್ಕಿ ಅಕ್ಷರದಲ್ಲಿ ಹೊಡೆದದ್ದು ಅಲ್ಲಿ ಕನ್ನಡವಾಗಿ ಕಂಡರೂ ಪ್ಲೇಯರ್‌ನಲ್ಲಿ ಇಂಗ್ಲಿಷ್ ಅಕ್ಷರದ ರಾಶಿಯಾಗುತ್ತೆ. ಉಳಿಸುವಾಗ ಫೈಲಿನ ಬಗೆ ಎಸ್‌ಆರ್‌ಟಿ (ಸಬ್‌ಟೈಟಲ್ ಮಾತ್ರ ಇರೋ ಫೈಲು), ಅಕ್ಷರಸಂಕೇತ ಯುಟಿಎಫ್–8 (ಯೂನಿಕೋಡಿನದು) ಇರಲಿ.

ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ 28ರಿಂದ 32 ಅಕ್ಷರ. ಒಂದೂವರೆ ಸೆಕೆಂಡಿಗಿಂತ ಕಡಿಮೆ ಯಾವುದನ್ನೂ ಇಡಬೇಡಿ, ಆರು ಸೆಕೆಂಡ್ ದಾಟಿಸಬೇಡಿ (ಪದ್ಯ ಬಿಟ್ಟು). ಇಂಗ್ಲಿಷ್ ಸಬ್‌ಟೈಟಲ್‌ನ ಅಳತೆ ಇಲ್ಲಿಗೆ ಹೊಂದಲ್ಲ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತೆ, ಅದಕ್ಕೆ ಸಾಲುಗಳ ನಡುವಿನ ಅಂತರ ಹೆಚ್ಚು ಬೇಕು.

ಟಿವಿಗೋ ಪ್ರೊಜೆಕ್ಟರಿಗೋ ನೇರವಾಗಿ ಪೆನ್‌ಡ್ರೈವ್ ಹಾಕಿ ನಂಬ್ಕೊಂಡು ಕೂರಬೇಡಿ. ಬಹಳಷ್ಟರಲ್ಲಿ ಕನ್ನಡ ಫಾಂಟ್ ಇರಲ್ಲ, ಬರೀ ಚೌಕ ಕಾಣುತ್ತೆ. ಇದ್ದರೂ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತೆ. ‘ಹ್ಯಾಂಡ್‌ಬ್ರೇಕ್’ ಅನ್ನೋ ವಿಡಿಯೋ ತಂತ್ರಾಂಶದಲ್ಲಿ ಎಸ್‌ಆರ್‌ಟಿ ಸೇರಿಸಿ ‘ಬರ್ನ್ ಇನ್’ ಆಯ್ಕೆ ಹಾಕಿ ಅಕ್ಷರವನ್ನ ಚಿತ್ರಕ್ಕೇ ಅಚ್ಚು ಮಾಡಿಬಿಡಿ. ಮೊದಲು ಐದು ನಿಮಿಷದ ತುಣುಕು ತೆಗೆದು ‘ಸ್ತ್ರೀ’, ‘ಜ್ಯೋತಿ’, ‘ವಿಶ್ವ’ ಈ ಮೂರು ಸರಿ ಬಂದಿವೆಯಾ ನೋಡಿ, ಆಮೇಲೆ ಪೂರ್ತಿ ಚಿತ್ರಕ್ಕೆ ಕೈಹಾಕಿ.

ಒಂದು ಫೈಲಿಗೆ ಮಾಡಿದ ಸಬ್‌ಟೈಟಲ್ ಇನ್ನೊಂದಕ್ಕೆ ಸರಿಹೋಗದೇ ಇರೋದು ಸಾಮಾನ್ಯ. ವ್ಯತ್ಯಾಸ ಉದ್ದಕ್ಕೂ ಒಂದೇ ಇದ್ರೆ, ಉದಾಹರಣೆಗೆ ಎಲ್ಲ ಕಡೆ 8 ಸೆಕೆಂಡ್ ತಡ, ಬರೀ ಸರಿಸಿದ್ರೆ ಮುಗೀತು. ಹೋಗ್ತಾ ಹೋಗ್ತಾ ಬೆಳೀತಿದ್ರೆ ಅದು ವೇಗದ ಸಮಸ್ಯೆ. ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟು, ಟಿವಿ ಮತ್ತು ವಿಸಿಡಿಗೆ ಇಳಿಸುವಾಗ 25ಕ್ಕೆ ಓಡಿಸಿರ್ತಾರೆ. ಹಾಗಾದಾಗ ಪ್ರತಿ 10 ನಿಮಿಷಕ್ಕೆ 24 ಸೆಕೆಂಡ್ ಹೋಗುತ್ತೆ. ಸಬ್‌ಟೈಟಲ್ ಎಡಿಟ್‌ನಲ್ಲಿ ಚೌಕಟ್ಟಿನ ವೇಗ 24ರಿಂದ 25ಕ್ಕೆ ಬದಲಿಸಿದ್ರೆ ಕೂಡ್ಕೊಳ್ಳುತ್ತೆ. ಹೀಗೆ ಓಡಿಸಿದ ಪ್ರತಿಯಲ್ಲಿ ಹಾಡಿನ ಶ್ರುತಿಯೂ ಏರಿರುತ್ತೆ, ಅರ್ಧ ಮನೆಗೆ (ಹಾರ್ಮೋನಿಯಂನಲ್ಲಿ ಪಕ್ಕದ ಕೀಲಿಯಷ್ಟು ದೂರ) ತುಸು ಕಡಿಮೆ. ನಾಗಯ್ಯನವರ ಕಂಠ ಇರೋದಕ್ಕಿಂತ ತೆಳ್ಳಗೆ ಕೇಳಿಸೋದಕ್ಕೆ ಇದೇ ಕಾರಣ. ಆಗೋದಾದ್ರೆ ಫೈಲನ್ನೇ 24ಕ್ಕೆ ಇಳಿಸ್ಕೊಳ್ಳಿ, ದನಿಗೆ ತೂಕ ವಾಪಸ್ ಬರುತ್ತೆ.

ಬೆಂಗಳೂರಿನಿಂದ

ಪರದೆಯ ವಿಷಯ. 1947ರ ಚಿತ್ರ, ಹೆಚ್ಚುಕಮ್ಮಿ ಚೌಕಾಕಾರ: ಎತ್ತರ 1 ಇದ್ರೆ ಅಗಲ 1.37. ನಿಮ್ಮ ಪ್ರೊಜೆಕ್ಟರ್ 1920 × 1080 ಆಗಿದ್ರೆ ಚಿತ್ರ 1480ರಷ್ಟು ಅಗಲ ಬಂದು ಎಡಬಲದಲ್ಲಿ 220ರ ಹಾಗೆ ಕಪ್ಪು ಪಟ್ಟಿ ಉಳೀಬೇಕು. ಬಾಡಿಗೆಯೋರು ಬಂದು ‘ಫುಲ್ ಸ್ಕ್ರೀನ್ ಮಾಡ್ತೀನಿ ಸರ್’ ಅಂತ ಎಳೆದುಬಿಡ್ತಾರೆ, ಒಪ್ಕೋಬೇಡಿ. ಎಳೆದ್ರೆ ಮುಖ ಅಡ್ಡಡ್ಡ ಊದುತ್ತೆ, ‘ಜೂಮ್’ ಮಾಡಿದ್ರೆ ನಿಂತೋರ ತಲೆ ಕತ್ತರಿಸಿಹೋಗುತ್ತೆ. ರಿಮೋಟ್‌ನಲ್ಲಿ 4:3 ಅಥವಾ ‘ಒರಿಜಿನಲ್’ ಒತ್ತಿ.

ಛಾಯಾಗ್ರಹಣ ಮಾರ್ಕಸ್ ಬಾರ್ಟ್ಲಿ ಅವರದು, ಹತ್ತು ವರ್ಷ ಆದ್ಮೇಲೆ ಇದೇ ಕೆ.ವಿ. ರೆಡ್ಡಿ ಜೊತೆ ‘ಮಾಯಾಬಜಾರ್’ ಮಾಡಿದೋರು. ನೆರಳಿನ ಕೆಲಸವೇ ಇವರ ಹೆಚ್ಚುಗಾರಿಕೆ. ಹಳೇ ಪ್ರತಿಗಳಲ್ಲಿ ಆ ನೆರಳು ಮೊದಲೇ ಕರಗಿರುತ್ತೆ, ಕಿಟಕಿಯಿಂದ ಬಿಸಿಲು ಬಂದ್ರೆ ಉಳಿದದ್ದೂ ಹೋಗುತ್ತೆ. ಕಪ್ಪು ಬಟ್ಟೆ ಹೊಡೆಸಿ, ಇಲ್ಲಾ ಸಂಜೆ ಏಳರ ನಂತರ ಇಟ್ಕೊಳ್ಳಿ. ಪ್ರೊಜೆಕ್ಟರ್ ‘ಡೈನಾಮಿಕ್’ನಲ್ಲಿ ಇದ್ರೆ ‘ಸಿನಿಮಾ’ಕ್ಕೆ ಬದಲಿಸಿ, ಶಾರ್ಪ್‌ನೆಸ್ ಇಳಿಸಿ. ಜಾಸ್ತಿ ಇದ್ರೆ ಗೀರು, ಚುಕ್ಕಿ ಎಲ್ಲ ಎದ್ದು ಕೂರ್ತವೆ.

ಧ್ವನಿ ಒಂದೇ ಟ್ರ್ಯಾಕಿನದು. ಕೆಲವು ಫೈಲಲ್ಲಿ ಎಡಗಡೆ ಮಾತ್ರ ಇರುತ್ತೆ, ಮಿಕ್ಸರ್‌ನಲ್ಲಿ ಮೋನೋ ಮಾಡಿ ಎರಡಕ್ಕೂ ಕೊಡಿ. 100 ಹರ್ಟ್ಸ್ ಕೆಳಗೆ ಕತ್ತರಿಸಿ (ಗುಂಯ್ ಅನ್ನೋದು ಹೋಗುತ್ತೆ), 6ರಿಂದ 7 ಕಿಲೋಹರ್ಟ್ಸ್ ಮೇಲೆ ಇಳಿಸಿ (ಚರಚರ ಹೋಗುತ್ತೆ), 2ರಿಂದ 3 ಕಿಲೋಹರ್ಟ್ಸ್ ನಡುವೆ ಎರಡು ಮೂರು ಡೆಸಿಬೆಲ್ ಏರಿಸಿ, ಮಾತು ಸ್ಪಷ್ಟ ಆಗುತ್ತೆ. ಕಂಪ್ಯೂಟರ್‌ನ ‘ನಾಯ್ಸ್ ರಿಡಕ್ಷನ್’ ಗಟ್ಟಿಯಾಗಿ ಹಾಕಬೇಡಿ. ಪದ್ಯದ ಸಾಲು ಮುಗಿಯೋ ಕಡೆ ನಾಗಯ್ಯನವರು ದನಿಯನ್ನ ಬಹಳ ಸಣ್ಣಗೆ ಮಾಡಿ ಗಮಕದಲ್ಲೇ ಬಿಡ್ತಾರೆ. ಯಂತ್ರಕ್ಕೆ ಅದೂ ಸದ್ದಿನ ಹಾಗೇ ಕಾಣುತ್ತೆ, ಒರೆಸಿಹಾಕುತ್ತೆ. ಚೂರು ಚರಚರ ಉಳಿದ್ರೂ ಪರವಾಗಿಲ್ಲ, ಆ ಬಾಲ ಉಳೀಬೇಕು.

ಧಾರವಾಡದಿಂದ

ಮುನ್ನುಡಿ ಬಗ್ಗೆ ಒಂದ್ ಮಾತು ಹೇಳ್ತೀನ್ರಿ. ನಮ್ಮ ಕಡೆ ವೇಮನ ಅಂದ್ರ ಹೇಮರೆಡ್ಡಿ ಮಲ್ಲಮ್ಮನ ಮೈದುನ. ಶ್ರೀಶೈಲದ ಮಲ್ಲಯ್ಯನ ಭಕ್ತೆ ಅತ್ತಿಗಿ, ದಾರಿ ತಪ್ಪಿದ ಮೈದುನನ್ನ ತಿದ್ದಿದಾಕಿ. ಜಯಂತಿಗೆ ಬರೋ ಮಂದಿ ಮಲ್ಲಮ್ಮನ್ನ ನೋಡಾಕ ಬಂದಿರ್ತಾರ. ಈ ಚಿತ್ರ ತೆಲುಗು ಐತಿಹ್ಯ ಹಿಡಿದು ಹೋಗೈತಿ: ಆಂಧ್ರದ ಕೊಂಡವೀಡು, ಅಲ್ಲಿನ ರೆಡ್ಡಿ ಅರಸರ ಮನೆತನ, ವೇಶ್ಯೆ ಮೋಹನಾಂಗಿ, ಬಂಗಾರ ಮಾಡೋ ಹುಚ್ಚು, ಜ್ಯೋತಿಯ ಸಾವು, ಆಮೇಲೆ ವೈರಾಗ್ಯ. ಅತ್ತಿಗಿ ಅದಾಳ, ಮಲ್ಲಮ್ಮನ ಕತಿ ಇಲ್ಲ. ಇದನ್ನ ಮೊದಲ ಎರಡ್ ಮಾತಿನ್ಯಾಗ ಹೇಳದಿದ್ರ ಅರ್ಧ ಚಿತ್ರ ಆಗೂತನಕ ‘ಮಲ್ಲಮ್ಮ ಎಲ್ಲಿ’ ಅಂತ ಪಿಸುಪಿಸು ನಡೀತೈತಿ.

ಇದು ಚರಿತ್ರೆ ಅಂತನೂ ಹೇಳಬ್ಯಾಡ್ರಿ. ಕೊಂಡವೀಡಿನ ರಾಜ್ಯ 15ನೇ ಶತಮಾನದಾಗ ಮುಗೀತು, ವೇಮನನ್ನ ಬಹಳ ಮಂದಿ ವಿದ್ವಾಂಸರು 17ನೇ ಶತಮಾನದ ಸುತ್ತಮುತ್ತ ಇಡ್ತಾರ. ಪದ್ಯಗಳನ್ನ ಇಂಗ್ಲಿಷ್ ಅಧಿಕಾರಿ ಸಿ.ಪಿ. ಬ್ರೌನ್ ಕೂಡಿಸಿ ಅಚ್ಚು ಹಾಕಿಸಿದ್ದು 1829ರಾಗ, ಅಲ್ಲೀತನಕ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಬಂದಿದ್ವು. ಓದೋ ಮಂದಿಗೆ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರ ಹೆಸರು ಹೇಳ್ರಿ. ಮೈಸೂರಿನ ಮಹಾರಾಜ ಕಾಲೇಜಿನ್ಯಾಗ ತೆಲುಗು ಕಲಿಸಿದೋರು, ವೇಮನನ ಮ್ಯಾಲೆ ಅವರು ಮಾಡಿದ ಉಪನ್ಯಾಸಗಳಿಗೆ ಇವತ್ತೂ ತೂಕ ಐತಿ.

ಮೋಹನಾಂಗಿ ಪಾತ್ರ ಮಾಡಿದಾಕಿ ನಮ್ಮ ಎಂ.ವಿ. ರಾಜಮ್ಮ. 1936ರ ‘ಸಂಸಾರ ನೌಕೆ’, 1958ರ ‘ಸ್ಕೂಲ್ ಮಾಸ್ಟರ್’ ನೆನಪಿದ್ದೋರಿಗೆ ಈ ಹೆಸರು ಹೇಳಿದ್ರ ಸಾಕು, ಎದ್ದು ಕೂತು ನೋಡ್ತಾರ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ, ಇಷ್ಟು ಸಿಗುತ್ತೆ ಅಂದ್ಕೊಂಡಿರಲಿಲ್ಲ. ಇನ್ನೆರಡು ಕೇಳ್ತೀನಿ. ಹಳೇ ಚಿತ್ರ ಉದ್ದ ಅಂತ ಕೆಲವರು ಕತ್ತರಿಸಿ ಒಂದು ಗಂಟೆಗೆ ಇಳಿಸಿ ಅಂತಿದ್ದಾರೆ. ಹಕ್ಕಿನ ತಕರಾರು ಬರಬಹುದಾ?

ಬಳ್ಳಾರಿಯಿಂದ

ಕತ್ತರಿಸಬೇಡಿ. ಮೋಹನಾಂಗಿಯ ಭಾಗ ‘ಬರೀ ಶೃಂಗಾರ’ ಅಂತ ತೆಗೆದ್ರೆ ಆಮೇಲಿನ ವೈರಾಗ್ಯಕ್ಕೆ ಬೇರು ಇರಲ್ಲ. ಬದಲಿಗೆ ಮಧ್ಯಂತರವನ್ನ ನೀವೇ ಗುರುತು ಮಾಡ್ಕೊಳ್ಳಿ. ವೇಮನ ಅಭಿರಾಮನ ಜೊತೆ ಬಂಗಾರದ ಪ್ರಯೋಗಕ್ಕೆ ಇಳಿಯೋ ಹೊತ್ತಿಗೆ ಟೀ ಕೊಡಿ. ಜ್ಯೋತಿಯ ಸಾವಿನಿಂದ ಸ್ಮಶಾನದ ‘ಇದೇನಾ ಇಂತೇನಾ’ ಹಾಡು ಮುಗಿಯೋವರೆಗೆ ಯಾರೂ ಎದ್ದು ಓಡಾಡೋ ಹಾಗಿರಬಾರದು. ಆ ಹಾಡಿಗೆ ಸಬ್‌ಟೈಟಲ್ ಪಲ್ಲವಿಗೆ ಒಂದು ಸಲ ಸಾಕು: ‘ಇದೇನಾ, ಇಷ್ಟೇನಾ ಬಾಳಿನ ಸಾರ’. ಮರಳಿ ಮರಳಿ ಬರುವಾಗ ತೆರೆ ಖಾಲಿ ಇರಲಿ, ಮುಖ ನೋಡಲಿ.

ಮೈಸೂರಿನಿಂದ

ಹಕ್ಕಿನ ಬಗ್ಗೆ: ನಮ್ಮ ಕಾನೂನಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1947ರ ಚಿತ್ರಕ್ಕೆ ಅದು 2007ರ ಕೊನೆಗೆ ಮುಗಿದಿದೆ. ಆದರೆ ಬರಹ ಮತ್ತು ಸಂಗೀತದ ಹಕ್ಕಿನ ಲೆಕ್ಕ ಬೇರೆ, ಕರ್ತೃವಿನ ಜೀವಿತಾವಧಿಯ ಮೇಲೆ 60 ವರ್ಷ. ಮಾತು, ಹಾಡು ಬರೆದ ಸಮುದ್ರಾಲ ರಾಘವಾಚಾರ್ಯರು ತೀರಿಕೊಂಡದ್ದು 1968ರಲ್ಲಿ, ಸಂಗೀತದ ಹೊಣೆಯನ್ನೂ ಹೊತ್ತಿದ್ದ ನಾಗಯ್ಯನವರು 1973ರಲ್ಲಿ. ಟಿಕೆಟ್ ಇಲ್ಲದ ಬಳಗದ ಪ್ರದರ್ಶನ ಒಂದು ಮಾತು, ಸಬ್‌ಟೈಟಲ್ ಅಚ್ಚು ಮಾಡಿದ ಪ್ರತಿಯನ್ನ ಯೂಟ್ಯೂಬ್‌ಗೆ ಏರಿಸೋದು ಇನ್ನೊಂದು. ಏರಿಸೋ ಯೋಚನೆ ಇದ್ರೆ ವಕೀಲರನ್ನ ಕೇಳಿ. ಎಸ್‌ಆರ್‌ಟಿ ಫೈಲನ್ನ ಮಾತ್ರ ಬೇರೆಯಾಗಿ ಜೋಪಾನ ಮಾಡಿ, ಇದಕ್ಕಿಂತ ಒಳ್ಳೆ ಪ್ರತಿ ಸಿಕ್ಕ ದಿನ ಅದನ್ನೇ ಹೊಂದಿಸ್ಕೋಬಹುದು.

ಪಾವಗಡದಿಂದ

ಪದ್ಯಗಳ ಮೂಲಪಾಠ ಕಿವಿಯಿಂದ ಬರ್ಕೊಂಡಿದ್ದನ್ನ ಅಚ್ಚಾದ ಸಂಗ್ರಹದ ಜೊತೆ ಒಂದು ಸಲ ತಾಳೆ ನೋಡಿ. ‘ಕಪ್ಪುರಂಬು ನೊಕ್ಕ’ ಅನ್ನೋದು ಕೇಳೋವಾಗ ‘ಕಪ್ಪು ರಂಬುನೊಕ್ಕ’ ಅನ್ನಿಸುತ್ತೆ, ಹಾಗೇ ಬರೆದ್ರೆ ಕರ್ಪೂರ ಹೋಗಿ ಕಪ್ಪು ಬಣ್ಣ ಬರುತ್ತೆ. ಪಾಠಭೇದ ಸಿಕ್ಕಿದ ಕಡೆ ನಾಗಯ್ಯನವರ ಬಾಯಲ್ಲಿ ಬಂದದ್ದನ್ನೇ ತೆರೆಯ ಮೇಲೆ ಇಡಿ, ಪುಸ್ತಕದ್ದನ್ನ ಕೈಹಾಳೆಯಲ್ಲಿ ಹಾಕಿ.